ಒಳ್ಳೆ ಬಟ್ಟೆ ಹಾಕ್ಕೊಂಡು ಸೈಕಲ್ ತುಳಿಯೋದು ಬರೀ ಫೋಟೋಗಾ?

ಹೋದ ಸಂಚಿಕೇಲಿ ಬಂದ ಬೇಸಿಗೆ ಸೈಕಲ್ ಸವಾರಿ ಫೋಟೋಗಳನ್ನ ನೋಡಿ ಓದುಗರೊಬ್ಬರು ಬೇಜಾರಾಗಿ ಬರೆದಿದ್ದಾರೆ. "ಕೋಪನ್‌ಹೇಗನ್‌ನಲ್ಲಿ ಫ್ರಾಕು, ಪ್ಯಾರಿಸ್‌ನಲ್ಲಿ ಲಿನನ್ ಶರ್ಟು, ಇದೆಲ್ಲಾ ಕ್ಯಾಮೆರಾ ಮುಂದೆ ಪೋಸು. ನಿಜವಾಗ್ಲೂ ಸೈಕಲ್ ತುಳಿಯೋರು ಜೆರ್ಸಿ ಹಾಕ್ತಾರೆ, ಬೆವರು ಸುರಿಸ್ತಾರೆ. ಹೈ ಹೀಲ್ಸಲ್ಲಿ ಪೆಡಲ್ ತುಳಿಯೋಕಾಗುತ್ತಾ?" ಅನ್ನೋದು ಅವರ ಕಾಗದದ ಸಾರ.

ನಮಸ್ಕಾರ ಸಾರ್, ಇಷ್ಟು ಬಿಡಿಸಿ ಬರೆದಿದ್ದಕ್ಕೆ ಥ್ಯಾಂಕ್ಸ್. ಜೆರ್ಸಿ, ಪ್ಯಾಡ್ ಇರೋ ಚಡ್ಡಿ ಹಾಕ್ಕೊಂಡು ದಿನಕ್ಕೆ ನೂರು ಕಿಲೋಮೀಟರ್ ಹೊಡೆಯೋರ ಬಗ್ಗೆ ನಂಗೆ ತುಂಬಾ ಗೌರವ ಇದೆ, ಅಷ್ಟು ದೂರಕ್ಕೆ ಅದು ಬೇಕೇಬೇಕು. ಆದ್ರೆ ನೀವು ಇನ್ನೊಂದ್ಸಲ ಆ ಪುಟ ತೆಗೆದು, ಈ ಸಲ ಬಟ್ಟೆ ಬಿಟ್ಟು ಕೆಳಗಿರೋ ಸೈಕಲ್ ನೋಡಿ.

ಆಮ್‌ಸ್ಟರ್‌ಡ್ಯಾಂ ಫೋಟೋದಲ್ಲಿರೋದು ಡಚ್ಚರು ಓಮಾಫೀಟ್ಸ್ ಅಂತ ಕರೆಯೋ ಸೈಕಲ್. ಹ್ಯಾಂಡಲ್ ಸವಾರರ ಕಡೆಗೇ ಬಾಗಿರುತ್ತೆ, ಹಾಗಾಗಿ ಬೆನ್ನು ನೆಟ್ಟಗೆ ಇಟ್ಕೊಂಡು ಕೂತ್ಕೋಬಹುದು. ಚೈನು ಪೂರ್ತಿ ಡಬ್ಬಿ ಒಳಗೆ ಮುಚ್ಚಿರುತ್ತೆ, ಪ್ಯಾಂಟಿಗೆ ಗ್ರೀಸ್ ಅಂಟೋ ಮಾತೇ ಇಲ್ಲ. ಹಿಂದಿನ ಚಕ್ರದ ಮೇಲರ್ಧಕ್ಕೆ ಎರಡೂ ಕಡೆ ಒಂದು ಹೊದಿಕೆ ಇರುತ್ತೆ, ಕೋಟಿನ ಅಂಚು, ಲಂಗದ ಅಂಚು ಕಡ್ಡಿಗೆ ಸಿಕ್ಕಿಹಾಕ್ಕೊಳ್ಳಲ್ಲ. ಎಷ್ಟೋ ಸೈಕಲಲ್ಲಿ ಹಿಂದಿನ ಬ್ರೇಕು ಕೂಡ ಚಕ್ರದ ನಡುವಿನ ಹಬ್ ಒಳಗೇ ಇರುತ್ತೆ, ಪೆಡಲನ್ನ ಹಿಂದಕ್ಕೆ ಒತ್ತಿದ್ರೆ ಹಿಡಿಯುತ್ತೆ. ಅಂದ್ರೆ ಸೈಕಲ್ ತುಳಿಯೋಕೆ ಅಂತ ಬೇರೆ ಬಟ್ಟೆ ಬೇಕಾಗೇ ಇಲ್ಲ, ಹಾಕಿರೋ ಬಟ್ಟೆಗೆ ತಕ್ಕಂಗೆ ಸೈಕಲ್ಲೇ ಮಾಡಿಟ್ಟಿದ್ದಾರೆ. ಜಪಾನಿನ ಮಾಮಾಚಾರಿ ಅನ್ನೋ ಸೈಕಲ್ಲೂ ಹಾಗೇ, ಮುಂದೆ ಬುಟ್ಟಿ, ತಗ್ಗಿಸಿದ ಫ್ರೇಮಿನ ಬಾರು, ಗಟ್ಟಿ ಸ್ಟ್ಯಾಂಡು, ಆಫೀಸಿಗೆ ಹೋಗೋರಿಂದ ಸ್ಕೂಲಿಗೆ ಮಕ್ಕಳನ್ನ ಬಿಡೋ ಅಮ್ಮಂದಿರವರೆಗೆ ಎಲ್ಲರದ್ದೂ ಅದೇ.

ಇದು ಹೊಸ ಫ್ಯಾಷನ್ನೂ ಅಲ್ಲ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಮ್ಮಿ ಒಂದೇ ಸೈಜಿರೋ ರೋವರ್ ಸೈಕಲ್ ತಂದ ಮೇಲೆ, ಅದಕ್ಕೆ ಮುಂಚಿನ, ಮುಂದಿನ ಚಕ್ರ ತುಂಬಾ ಎತ್ತರ ಇರೋ ಸೈಕಲ್ ಹತ್ತೋಕೇ ಆಗದೆ ಇದ್ದ ಉದ್ದ ಲಂಗದ ಹೆಂಗಸರಿಗೂ ಸೈಕಲ್ ಕೈಗೆ ಸಿಕ್ತು, ಅವರಿಗೋಸ್ಕರ ಮೇಲಿನ ಬಾರನ್ನ ತಗ್ಗಿಸಿದ್ರು, ಮಡ್‌ಗಾರ್ಡಿಂದ ಹಬ್‌ವರೆಗೆ ದಾರದಲ್ಲಿ ಬಲೆ ಹೆಣೆದ್ರು. ಲಂಗ ಬಿಟ್ಟು ಸಡಿಲವಾದ ಚಡ್ಡಿ ಹಾಕ್ಕೊಂಡು ತುಳಿದವರೂ ಇದ್ರು. 1898ರಲ್ಲಿ ಇಂಗ್ಲೆಂಡಲ್ಲಿ ಲೇಡಿ ಹಾರ್ಬರ್ಟನ್ ಅನ್ನೋರು ಅಂಥಾ ಡ್ರೆಸ್ಸಲ್ಲಿ ಹೋದಾಗ ಒಂದು ಹೋಟೆಲಿನ ಕಾಫಿ ರೂಮಿಗೆ ಬಿಡಲೇ ಇಲ್ಲ, ಕೇಸು ಕೋರ್ಟಿಗೆ ಹೋಯ್ತು, ಗೆದ್ದಿದ್ದು ಹೋಟೆಲಿನವರು! ಇವತ್ತು ಪಾರ್ಕ್ ಪಕ್ಕ ಒಬ್ಬ ಹುಡುಗಿ ತನಗಿಷ್ಟ ಬಂದ ಬಟ್ಟೇಲಿ ಬೆಲ್ ಬಾರಿಸ್ಕೊಂಡು ಹೋಗೋ ಫೋಟೋ ನೋಡಿದ್ರೆ ನಂಗೆ ಖುಷಿಯಾಗೋದು ಇದೆಲ್ಲಾ ಗೊತ್ತಿರೋದ್ರಿಂದ.

ಬೆವರಿನ ವಿಷಯಕ್ಕೆ ಬರೋಣ. ಬೇಸಿಗೇಲಿ ಬೆವರಿಳಿಸೋದು ಹೆಚ್ಚಾಗಿ ಸ್ಪೀಡು. ಗಾಳಿಯನ್ನ ಸೀಳ್ಕೊಂಡು ಹೋಗೋಕೆ ಬೇಕಾಗೋ ಪವರ್ ವೇಗದ ಮೂರನೇ ಘಾತದ ಲೆಕ್ಕದಲ್ಲಿ ಏರುತ್ತೆ, ಹಾಗಾಗಿ ಗಂಟೆಗೆ 30 ಕಿಲೋಮೀಟರ್ ಬಿಟ್ಟು 15ರಲ್ಲಿ ಹೋದ್ರೆ ಗಾಳಿಗೆ ಅಂತ ಖರ್ಚಾಗೋ ಪವರ್ ಎಂಟರಲ್ಲಿ ಒಂದು ಪಾಲು ಸಾಕು. ಮೈಗೆ ತಂಗಾಳಿ ಮಾತ್ರ ಬಡೀತಾನೇ ಇರುತ್ತೆ. ನಿಂತ ತಕ್ಷಣ ಆ ಗಾಳಿ ನಿಲ್ಲುತ್ತೆ, ಆಗ್ಲೇ ಬೆವರು ಕಿತ್ಕೊಂಡು ಬರೋದು, ಅದಕ್ಕೇ ಕೊನೇ ಐದು ನಿಮಿಷ ಇನ್ನೂ ನಿಧಾನಕ್ಕೆ ತುಳೀಬೇಕು. ಬ್ಯಾಗು ಬೆನ್ನಿಗೆ ಬೇಡ, ಬುಟ್ಟಿಗೆ ಹಾಕಿ, ಬೆನ್ನು ಒಣಗಿರುತ್ತೆ.

ನಿಧಾನಕ್ಕೆ ಹೋಗೋರಿಗೆ ಊರೇ ಅನುಕೂಲ ಮಾಡಿಕೊಟ್ರೆ ಹೇಗಿರುತ್ತೆ ಅನ್ನೋದು ಕೋಪನ್‌ಹೇಗನ್‌ನಲ್ಲಿ ಕಾಣುತ್ತೆ. ಅಲ್ಲಿ ನರ್ರೆಬ್ರೋಗೇಡ್ ರಸ್ತೇಲಿ ಬೆಳಗ್ಗೆ ಊರೊಳಗೆ ಬರೋ ಸಿಗ್ನಲ್‌ಗಳನ್ನ ಗಂಟೆಗೆ 20 ಕಿಲೋಮೀಟರ್ ಸೈಕಲ್ ವೇಗಕ್ಕೆ ಸೆಟ್ ಮಾಡಿದ್ದಾರೆ, ಆ ಲಯದಲ್ಲಿ ತುಳೀತಾ ಹೋದ್ರೆ ಒಂದಾದ್ಮೇಲೆ ಒಂದು ಹಸಿರು. ಜೂನ್ ಕೊನೇಲಿ ಸೂರ್ಯ ಮುಳುಗೋದು ರಾತ್ರಿ ಹತ್ತರ ಹತ್ರ, ಕೆಲಸ ಮುಗಿಸಿ ಬಂದ ಮೇಲೂ ಇಡೀ ಒಂದು ಸಾಯಂಕಾಲ ಬಾಕಿ ಇರುತ್ತೆ. ಬುಟ್ಟೀಲಿ ಟವೆಲ್ ಹಾಕ್ಕೊಂಡು, 2014ರಲ್ಲಿ ಶುರುವಾದ ಸೈಕಲ್‌ಸ್ಲಾಂಗನ್ ಅನ್ನೋ ಕಿತ್ತಳೆ ಬಣ್ಣದ ಸೈಕಲ್ ಸೇತುವೆ ಮೇಲೆ ನೀರಿನ ಮೇಲ್ಗಡೆ ಹಾವಿನ ಥರ ಬಳಸ್ಕೊಂಡು ಇಳಿದು, ಆ ಕಡೆ ದಡದ ಇಸ್ಲಾಂಡ್ಸ್ ಬ್ರಿಗ್ಗೆಲಿ ಬಂದರಿನ ನೀರಿಗೇ ಈಜೋಕೆ ಹಾರ್ತಾರೆ, ವಾಪಸ್ ಬರೋವಾಗ ಕೂದಲು ಗಾಳಿಗೇ ಒಣಗುತ್ತೆ. ಇದಕ್ಕೆಲ್ಲಾ ಯಾರು ಸಾರ್ ಜೆರ್ಸಿ ಹಾಕ್ತಾರೆ?

ಪೋಸು ಅಂದ್ರಲ್ಲ, ಈ ಥರದ ಫೋಟೋಗಳ ಹುಚ್ಚು ಹಿಡಿಸಿದ್ದೇ 2006ರಲ್ಲಿ ಅದೇ ಊರಲ್ಲಿ ಮಿಕೇಲ್ ಕೋಲ್ವಿಲ್-ಆಂಡರ್ಸನ್ ಅನ್ನೋರು ಬೀದೀಲಿ ತೆಗೆದ ಒಂದು ಫೋಟೋ. ಅದರಲ್ಲಿರೋದು ಸಿಗ್ನಲ್ ಹತ್ರ ಸೈಕಲ್ ನಿಲ್ಲಿಸ್ಕೊಂಡಿರೋ ಒಬ್ಬ ಹೆಂಗಸು, ಅಷ್ಟೇ.

ಡೆನ್ಮಾರ್ಕು, ಹಾಲೆಂಡು ಬಿಟ್ರೂ ಜಾಗಗಳಿವೆ. ಇಟಲಿಯ ಲುಕ್ಕಾದಲ್ಲಿ ಹಳೇ ಕೋಟೆ ಗೋಡೆ ಮೇಲೇ ಸುಮಾರು 4 ಕಿಲೋಮೀಟರ್ ಸುತ್ತು, ಗೋಡೆ ಎಷ್ಟು ಅಗಲ ಅಂದ್ರೆ ಮೇಲೆ ಮರದ ಸಾಲೇ ಇದೆ, ಮಧ್ಯಾಹ್ನದ ಬಿಸಿಲಲ್ಲೂ ನೆರಳು. ಒಂದು ಕಡೆ ಊರಿನ ಹೆಂಚು, ಗಂಟೆ ಗೋಪುರ, ಇನ್ನೊಂದು ಕಡೆ ದೂರದ ಬೆಟ್ಟ, ಬೇಗ ಮುಗಿಸೋಕೆ ಮನಸ್ಸೇ ಬರಬಾರ್ದು ಹಂಗಿದೆ. ಕೊಲಂಬಿಯಾದ ಬೊಗೊಟಾದಲ್ಲಿ 1974ರಿಂದ ಶುರುವಾದ ಸಿಕ್ಲೋವಿಯಾ ಇದೆ, ಭಾನುವಾರ ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ನೂರು ಕಿಲೋಮೀಟರಿಗೂ ಜಾಸ್ತಿ ರಸ್ತೇಲಿ ಕಾರಿಗೆ ಪ್ರವೇಶ ಇಲ್ಲ.

ಇನ್ನು ಹೈ ಹೀಲ್ಸು. ಪೆಡಲ್ ಒತ್ತೋದು ಪಾದದ ಮುಂಭಾಗದಿಂದ, ಹಿಮ್ಮಡಿ ಪೆಡಲ್ ಹಿಂದೆ ಗಾಳೀಲಿ ಇರುತ್ತೆ, ಅಲ್ಲಿ ಎಷ್ಟು ಎತ್ತರದ ಹೀಲ್ ಇದ್ರೂ ತುಳಿಯೋಕೆ ಅಡ್ಡಿ ಇಲ್ಲ. ಕಷ್ಟ ಇರೋದು ನಿಲ್ಲಿಸಿ ಕಾಲು ಊರೋವಾಗ, ಅದಕ್ಕೆ ಸೀಟು ಸ್ವಲ್ಪ ಇಳಿಸ್ಕೊಂಡ್ರೆ ಆಯ್ತು.