ನಿಮ್ಮಂಥವರಿಗೆ ಪ್ರೈವಸಿ ಯಾಕೆ ಅಂದೆಯಲ್ಲ, ಕೇಳು

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು. ಎರಡು ದಿನ ಆಯಿತು, ತಲೆಯಿಂದ ಹೋಗುತ್ತಿಲ್ಲ. ಪ್ರವಾಸಕ್ಕೆ ರೂಮ್ ಬುಕ್ ಮಾಡಬೇಕು, ಎಲ್ಲರ ಆಧಾರ್ ಫೋಟೋ ವಾಟ್ಸಾಪ್‌ಗೆ ಹಾಕು ಅಂದೆ. ನಾನು ಅವ್ವನದು ಮೊದಲ ಎಂಟು ಅಂಕಿ ಮುಚ್ಚಿರುವ ಪ್ರತಿ ಕಳಿಸಿದೆ. ನೀನು ನಕ್ಕುಬಿಟ್ಟೆ. "ಹಳ್ಳೀಲಿ ಯಾರ ಮನೇಲಿ ಏನು ಸಾರು ಅಂತ ಊರಿಗೆಲ್ಲಾ ಗೊತ್ತಿರುತ್ತೆ. ನಿಮ್ಮಂಥವರಿಗೆ ಪ್ರೈವಸಿ ಯಾಕೆ ಬೇಕು?" ಅಂದೆ.

ಕೋಪ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ನೀನು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ ಅಂತಲೂ ಗೊತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀನು ಹೇಳಿದ್ದು ಅರ್ಧ ನಿಜ. ನಿಪ್ಪಾಣಿ ಪಕ್ಕದ ನಮ್ಮೂರಲ್ಲಿ ಗುಟ್ಟು ಉಳಿಯುವುದು ಕಷ್ಟ. ನನ್ನ ಮದುವೆ ಮಾತು ಮುರಿದುಬಿದ್ದಾಗ ನನಗಿಂತ ಮೊದಲು ಹಾಲು ಹಾಕುವ ಕಾಕಾಗೆ ಗೊತ್ತಿತ್ತು. ಆದರೆ ಆ ಕಾಕಾನ ಸಾಲ ಎಷ್ಟು ಅಂತ ನಮಗೂ ಗೊತ್ತು. ಯಾರು ಯಾರಿಗೆ ಹೇಳಿದರು ಅನ್ನುವುದೂ ಗೊತ್ತಾಗುತ್ತದೆ. ಮಾತು ಜಾಸ್ತಿಯಾದರೆ ಅವ್ವ ನೇರ ಅವರ ಮನೆ ಕಟ್ಟೆ ಮೇಲೆ ಹೋಗಿ ಕೂರುತ್ತಾಳೆ. "ಏನಂದ್ಯವ್ವಾ, ನನ್ನ ಮುಂದ ಹೇಳು" ಅನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ಅವಳ ಆಧಾರ್‌ನ ಹನ್ನೆರಡು ಅಂಕಿ ಯಾರ ಕೈಗೆ ಸಿಕ್ಕಿತು, ಅವರು ಅದನ್ನು ಏನು ಮಾಡಿದರು ಅಂತ ಕೇಳಲು ನಾವು ಯಾರ ಕಟ್ಟೆಗೆ ಹೋಗಬೇಕು?

ಗಡಿ ಜಗಳದ ಕಥೆ ನಿನಗೆ ಗೊತ್ತೇ ಇದೆ. 1956ರಲ್ಲಿ ರಾಜ್ಯಗಳನ್ನು ಹಂಚಿದ್ದು, 1967ರಲ್ಲಿ ಮಹಾಜನ ವರದಿ ಬಂದದ್ದು, 264 ಹಳ್ಳಿ ಅತ್ತ 247 ಹಳ್ಳಿ ಇತ್ತ ಅಂದದ್ದು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು. ಅದನ್ನೆಲ್ಲ ಬಿಡು. ನಮಗೆ ಬೆಳಗಾವಿಗಿಂತ ಕೊಲ್ಹಾಪುರ ಹತ್ತಿರ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ದೊಡ್ಡ ಕಾಯಿಲೆ ಬಂದರೆ ಮಿರಜ್. ಹೆಣ್ಣು ಕೊಡುವುದು ತರುವುದು ಎರಡೂ ಕಡೆ. ಇದರಲ್ಲಿ ನಮಗೆ ಯಾವ ಗೊಂದಲವೂ ಇಲ್ಲ. ಎರಡು ಭಾಷೆ ಸಲೀಸಾಗಿ ಬರುತ್ತವೆ ಅನ್ನುವುದು ನನಗೆ ಹೆಮ್ಮೆ. ಗೊಂದಲ ಆಗುವುದು ಕಾಗದಕ್ಕೆ.

ಅವ್ವನ ತವರು ಗಡಹಿಂಗ್ಲಜ ಕಡೆ. ಜಿಲ್ಲೆ ಕೊಲ್ಹಾಪುರ, ಮನೆಮಾತು ಕನ್ನಡ. ಆಧಾರ್ ಶುರುವಾದದ್ದೇ ಮಹಾರಾಷ್ಟ್ರದಲ್ಲಿ ಅಲ್ವಾ. 2010ರ ಸೆಪ್ಟೆಂಬರ್ 29ರಂದು ನಂದುರಬಾರ್ ಜಿಲ್ಲೆಯ ಟೆಂಭಲಿ ಅನ್ನುವ ಹಳ್ಳಿಯಲ್ಲಿ ಮೊದಲನೆಯದನ್ನು ಕೊಟ್ಟರು. ಮುಂದೆ ಅಜ್ಜಿಯ ಊರಿಗೂ ಕ್ಯಾಂಪ್ ಬಂತು. ಅಜ್ಜಿಗೆ ಹುಷಾರಿಲ್ಲ ಅಂತ ಅವ್ವ ಆಗ ತವರಿನಲ್ಲಿದ್ದಳು. ಓಣಿಯವರೆಲ್ಲ ಹೊರಟರು ಅಂತ ಇವಳೂ ಹೋದಳು. ಹತ್ತು ಬೆರಳು, ಎರಡು ಕಣ್ಣು, ಒಂದು ಫೋಟೋ ಕೊಟ್ಟು ಬಂದಳು. ಕಾರ್ಡ್ ಮರಾಠಿಯಲ್ಲಿ ಬಂತು. ವಿಳಾಸ ಕೊಲ್ಹಾಪುರ ಜಿಲ್ಲೆ. ಹೆಸರು ಲಕ್ಷ್ಮೀಬಾಯಿ.

ನಮ್ಮೂರಲ್ಲಿ ಅವಳು ಲಕ್ಷ್ಮವ್ವ. ರೇಷನ್ ಕಾರ್ಡಿನಲ್ಲೂ ಲಕ್ಷ್ಮವ್ವ. ಪಹಣಿಯಲ್ಲಿ "ಲಕ್ಷ್ಮೀ ಕೋಂ" ಅಂತ ಬರೆದು ಅಪ್ಪನ ಹೆಸರು. ಬ್ಯಾಂಕಿನಲ್ಲಿ ಲಕ್ಷ್ಮಿ. ಇಂಗ್ಲಿಷಿನಲ್ಲಿ ನಮ್ಮ ಕಡೆ ಲಕ್ಷ್ಮಿಗೆ ಎಕ್ಸ್ ಹಾಕುತ್ತಾರೆ, ನಿಮ್ಮ ಬೆಂಗಳೂರು ಕಡೆ ಕೆ ಎಸ್ ಎಚ್. ನಿಮ್ಮಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್ ಇಟ್ಟರೆ ಆಯಿತು. ನಮ್ಮಲ್ಲಿ ಸ್ವಂತ ಹೆಸರು, ಗಂಡನ ಹೆಸರು, ಆಮೇಲೆ ಅಡ್ಡಹೆಸರು. ಒಬ್ಬ ಆಪರೇಟರ್ ಅಡ್ಡಹೆಸರು ಮೊದಲು ಹಾಕುತ್ತಾನೆ, ಇನ್ನೊಬ್ಬ ಕೊನೆಗೆ ಹಾಕುತ್ತಾನೆ. ಸಾಲದ್ದಕ್ಕೆ 2014ರ ನವೆಂಬರ್ 1ರಿಂದ ಬೆಳಗಾಂ ಬೆಳಗಾವಿ ಆಯಿತು. ಅದು ಆಗಲೇಬೇಕಿತ್ತು, ನನಗೂ ಖುಷಿಯಾಗಿತ್ತು. ಹಳೇ ಕಾಗದಗಳಲ್ಲಿ ಮಾತ್ರ ಬೆಳಗಾಂ ಹಾಗೇ ಉಳಿದಿದೆ. ಮನುಷ್ಯರು ಓದಿದರೆ ಇವಳೆಲ್ಲ ಒಬ್ಬಳೇ ಅಂತ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಒಂದು ಅಕ್ಷರ ತಪ್ಪಿದರೂ ಬೇರೆ ಹೆಂಗಸು.

ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಬಹುದು. ಅವ್ವನ ಒಂದು ಸಲ ಈಗಾಗಲೇ ಖರ್ಚಾಗಿದೆ. ವಿಳಾಸ ನಮ್ಮೂರಿನದಾಯಿತು, ಕಾರ್ಡ್ ಕನ್ನಡಕ್ಕೆ ಬಂತು, ಆದರೆ ಹೆಸರು "ಲಕ್ಷ್ಮೀಬಾಯಿ"ಯಿಂದ "ಲಕ್ಷ್ಮಿಬಾಯಿ" ಆಯಿತು, ಅಷ್ಟೇ. ಉಳಿದಿರುವ ಒಂದು ಸಲವನ್ನು ಮುಟ್ಟಲು ನನಗೆ ಭಯ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಇಷ್ಟು ಹೆಸರುಗಳನ್ನು ಒಂದೇ ಮನುಷ್ಯಳದು ಅಂತ ತೋರಿಸಲು ಪ್ರತಿ ಸಲ ಝೆರಾಕ್ಸ್ ಕೊಡಬೇಕು. ಹೋದ ವರ್ಷ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಒಂದೇ ವರ್ಷದಲ್ಲಿ ಅವ್ವನ ಆಧಾರ್ ಪ್ರತಿ ಮೂವತ್ತನಾಲ್ಕು ಕಡೆ ಹೋಗಿದೆ. ಪಂಚಾಯಿತಿ, ನಾಡಕಚೇರಿ, ಬ್ಯಾಂಕಿಗೆ ಮೂರು ಸಲ, ಗ್ಯಾಸ್, ಆಸ್ಪತ್ರೆ, ಸಿಮ್ ಅಂಗಡಿ, ಸ್ವಸಹಾಯ ಸಂಘ, ಬೆಳೆ ವಿಮೆ, ಮದುವೆಗೆ ಹೋದಾಗ ಲಾಡ್ಜು. ಅದರಲ್ಲಿ ಹನ್ನೊಂದು ಮಹಾರಾಷ್ಟ್ರದಲ್ಲಿವೆ. ತವರಿನ ಊರಿನಲ್ಲಿ ಅಜ್ಜಿ ಜೊತೆ ತೆಗೆದಿದ್ದ ಹಳೇ ಖಾತೆ ಒಂದಿತ್ತು, ನಮಗೆ ಮರೆತೇಹೋಗಿತ್ತು. ಸರ್ಕಾರದ ಹಣ ಆಧಾರ್‌ಗೆ ಯಾವ ಖಾತೆ ಕೊನೆಗೆ ಜೋಡಣೆ ಆಗಿದೆಯೋ ಅಲ್ಲಿಗೇ ಹೋಗುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರ ನಾಲ್ಕು ತಿಂಗಳು ಗಡಿ ದಾಟಿ ಅಲ್ಲಿ ಹೋಗಿ ಕೂತಿತ್ತು. ಅದನ್ನು ತರಲು ನಾವು ಮತ್ತೆ ಝೆರಾಕ್ಸ್ ಹಿಡಿದು ಹೋದೆವು.

ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಭಡಂಗ್ ತಗೊಂಡೆ. ಚುರುಮುರಿ ತಿಂದು ಮುಗಿಸಿ ಪೊಟ್ಟಣ ಬಿಚ್ಚಿದೆ. ಒಳಗಡೆ ಒಬ್ಬ ಹೆಂಗಸಿನ ಮುಖ. ಝೆರಾಕ್ಸಿನ ಕಪ್ಪು ಮುಖ, ತಲೆ ಮೇಲೆ ಸೆರಗು, ದೊಡ್ಡ ಕುಂಕುಮ, ಕ್ಯಾಮೆರಾ ಕಂಡು ಹೆದರಿದ ಕಣ್ಣು. ಕೆಳಗೆ ಹನ್ನೆರಡೂ ಅಂಕಿ, ಎಣ್ಣೆ ಮೆತ್ತಿಕೊಂಡು ಇನ್ನೂ ಸ್ಪಷ್ಟ. ಅಂಚಿನಲ್ಲಿ ಪೆನ್ನಿನಲ್ಲಿ ಬರೆದ ಫೋನ್ ನಂಬರ್. ಯಾವುದೋ ಆಫೀಸಿನ ಕಟ್ಟು ರದ್ದಿಗೆ ಹೋಗಿದೆ, ರದ್ದಿಯಿಂದ ಇಲ್ಲಿಗೆ ಬಂದಿದೆ. ಆ ತಾಯಿ ಯಾರೋ ಗೊತ್ತಿಲ್ಲ. ನನ್ನ ಅವ್ವನ ವಯಸ್ಸು. ಕಾಗದವನ್ನು ಮನೆಗೆ ತಂದು ಒಲೆಗೆ ಹಾಕಿದೆ. ಅವತ್ತಿನಿಂದ ನಾನು ಝೆರಾಕ್ಸ್ ಅಂಗಡಿಯಲ್ಲಿ ಕೆಟ್ಟುಹೋದ ಪ್ರತಿಯನ್ನೂ ವಾಪಸ್ ಕೇಳಿ ಇಸಿದುಕೊಳ್ಳುತ್ತೇನೆ. ಅಂಗಡಿಯವನಿಗೆ ಬೇಜಾರು. ಆಗಲಿ.

ಬರೀ ನಂಬರಿನಿಂದ ಏನಾಗುತ್ತದೆ ಅಂತ ನೀನು ಕೇಳಬಹುದು. ನಮ್ಮೂರಿನಂಥ ಊರಲ್ಲಿ ಎಟಿಎಂ ಇಲ್ಲ. ಸಣ್ಣ ಮಷೀನ್ ಹಿಡಿದುಕೊಂಡವರು ಅಂಗಡಿಯಲ್ಲಿ ಕೂರುತ್ತಾರೆ. ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳು, ಈ ಮೂರು ಇದ್ದರೆ ಹಣ ಬರುತ್ತದೆ. ಪಿನ್ ಬೇಡ, ಒಟಿಪಿ ಬೇಡ. ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ, ನಾನು ಇಲ್ಲ ಅನ್ನುವುದಿಲ್ಲ. ಆದರೆ 2023ರಲ್ಲಿ ಮಂಗಳೂರು ಕಡೆ ಆದದ್ದು ನೆನಪಿದೆಯಾ? ಆಸ್ತಿ ನೋಂದಣಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದವರ ಖಾತೆಯಿಂದ ಹಣ ಹೋಯಿತು. ಕಾಗದದ ಮೇಲಿನ ಬೆರಳಚ್ಚಿನಿಂದಲೇ ಕಳ್ಳರು ಇನ್ನೊಂದು ಬೆರಳು ಮಾಡಿಕೊಳ್ಳುತ್ತಾರೆ. ನಿನ್ನ ಎಟಿಎಂ ಪಿನ್ ಹೋದರೆ ನಾಳೆಯೇ ಬೇರೆ ಹಾಕಿಕೊಳ್ಳುತ್ತೀಯ. ಅವ್ವನಿಗೆ ಇರುವುದು ಅದೇ ಹತ್ತು ಬೆರಳು.

ಆ ಬೆರಳಿನದು ಇನ್ನೊಂದು ಕಥೆ. ಅವ್ವ ಮೂವತ್ತು ವರ್ಷ ಬೀಡಿ ಕಟ್ಟಿದ್ದಾಳೆ, ದಿನಕ್ಕೆ ಸಾವಿರ. ಎಲೆ ನೆನೆಹಾಕಿ, ಕತ್ತರಿಸಿ, ತಂಬಾಕು ತುಂಬಿ, ಹೆಬ್ಬೆಟ್ಟು ತೋರುಬೆರಳಲ್ಲಿ ಸುತ್ತಿ, ತುದಿ ಮಡಚಿ ದಾರ ಕಟ್ಟುವುದು. ನಿಪ್ಪಾಣಿ ಕಡೆ ಇಂಥ ಕೈ ಎಷ್ಟೋ ಮನೆಯಲ್ಲಿವೆ. ಅವಳ ಹೆಬ್ಬೆಟ್ಟು ಮುಟ್ಟಿದರೆ ಹೊಳೆಯ ಕಲ್ಲಿನ ಹಾಗೆ ನುಣ್ಣಗಿದೆ. ಗೆರೆ ಅಲ್ಲೊಂದು ಇಲ್ಲೊಂದು.

ರೇಷನ್ ಅಂಗಡಿಯಲ್ಲಿ ಪ್ರತಿ ತಿಂಗಳೂ ಒಂದೇ ಕಥೆ. "ಥಂಬ್ ಕೊಡ್ರಿ ಮಾವಶಿ." ಅವ್ವ ಸೆರಗಿನಿಂದ ಬೆರಳು ಒರೆಸಿ ಇಡುತ್ತಾಳೆ. ಕೆಂಪು ದೀಪ. ನೀರು ಹಚ್ಚಿ ಒರೆಸಿ ಮತ್ತೆ. ಕೆಂಪು ದೀಪ. ತೋರುಬೆರಳು, ನಡುಬೆರಳು, ಎಡಗೈ. ಹಿಂದೆ ಪಾಳಿ ಬೆಳೆಯುತ್ತದೆ. ಒಮ್ಮೆ ಅವ್ವನಿಗೆ ತಡೆಯಲಾಗಲಿಲ್ಲ. "ಮೂವತ್ತ ವರ್ಷ ಆತು ನಿನ್ನ ಅಂಗಡ್ಯಾಗ ಅಕ್ಕಿ ಒಯ್ಯಾಕತ್ತು. ನಾ ಯಾರ ಅಂತ ಗೊತ್ತಿಲ್ಲೇನೋ ನಿನಗ?" ಅಂದಳು. ಅವನು ತಲೆ ತಗ್ಗಿಸಿದ. "ನನಗ ಗೊತ್ತೈತಿ ಮಾವಶಿ. ಮಷೀನಿಗೆ ಗೊತ್ತಾಗವಲ್ದು."

ಊರಲ್ಲಿ ಎಲ್ಲರಿಗೂ ಎಲ್ಲಾ ಗೊತ್ತಿರುತ್ತೆ ಅಂದೆಯಲ್ಲ, ಆ ಗೊತ್ತಿರುವಿಕೆಗೆ ಅಲ್ಲಿ ಬೆಲೆಯೇ ಇರಲಿಲ್ಲ.

ಬೆರಳಚ್ಚಿಗೆ ಬೀಗ ಹಾಕುವ ದಾರಿ ಇದೆ. ಆಧಾರ್ ಆ್ಯಪ್‌ನಲ್ಲಿ ಲಾಕ್ ಮಾಡಿದರೆ ಯಾರೂ ಅವಳ ಬೆರಳು ಬಳಸಿ ಹಣ ತೆಗೆಯಲು ಆಗುವುದಿಲ್ಲ. ಮಂಗಳೂರಿನ ಸುದ್ದಿ ಓದಿದ ವಾರವೇ ಹಾಕಿದೆ. ಆದರೆ ರೇಷನ್ ದಿನ ತೆಗೆಯಬೇಕಲ್ವಾ? ತೆಗೆಯಲು ಒಟಿಪಿ ಬೇಕು. ಒಟಿಪಿ ಹೋಗುವುದು ತಮ್ಮನ ಫೋನಿಗೆ, ಯಾಕಂದರೆ ಕಾರ್ಡ್ ಮಾಡಿಸಿದಾಗ ಮನೆಯಲ್ಲಿ ಇದ್ದದ್ದು ಅವನದೊಂದೇ ಫೋನು. ಅವನು ಇಚಲಕರಂಜಿಯಲ್ಲಿ ಮಗ್ಗದ ಕೆಲಸ ಮಾಡುತ್ತಾನೆ. ಪಾಳಿ ನಡೆಯುವಾಗ ಆ ಸದ್ದಿನಲ್ಲಿ ಫೋನು ಕೇಳಿಸುವುದಿಲ್ಲ. ಅವನು ಎತ್ತಿ, ಆರು ಅಂಕಿ ಹೇಳಿ, ನಾನು ಹಾಕಿ ಬೀಗ ತೆಗೆದರೆ ಹತ್ತು ನಿಮಿಷ ಸಿಗುತ್ತದೆ. ಆ ಹತ್ತು ನಿಮಿಷದಲ್ಲಿ ಅವ್ವನ ನುಣ್ಣನೆಯ ಹೆಬ್ಬೆಟ್ಟನ್ನು ಮಷೀನ್ ಒಪ್ಪಬೇಕು. ಒಪ್ಪದಿದ್ದರೆ ಮತ್ತೆ ಇಚಲಕರಂಜಿ. ನಂಬರ್ ಬದಲಿಸೋಣ ಅಂತ ಕೇಂದ್ರಕ್ಕೆ ಹೋದೆವು. ಅಲ್ಲಿಯೂ ಮೊದಲು ಬೆರಳನ್ನೇ ಕೇಳುತ್ತಾರೆ. ಎರಡು ಸಲ ಹೋಗಿ ಬಂದಿದ್ದೇವೆ. ಒಂದು ಸಲ ಸರ್ವರ್ ಇರಲಿಲ್ಲ, ಇನ್ನೊಂದು ಸಲ ಕಣ್ಣಿನ ಮಷೀನ್ ಕೆಟ್ಟಿತ್ತು. ಒಂದು ದಿನದ ಕೂಲಿ ಎರಡು ಸಲ ಹೋಯಿತು.

ಇಷ್ಟೆಲ್ಲಾ ಕಷ್ಟಪಟ್ಟು ಬೀಗ ಯಾಕೆ, ಬಿಟ್ಟುಬಿಡು ಅಂತ ತಮ್ಮನೂ ಹೇಳುತ್ತಾನೆ. ನಾನು ಬಿಡುವುದಿಲ್ಲ. ಅವ್ವನ ಖಾತೆಯಲ್ಲಿರುವುದು ಬೀಡಿ ಕಟ್ಟಿ ಉಳಿಸಿದ ಹಣ.

ಪ್ರೈವಸಿ ದೊಡ್ಡವರ ಮಾತು ಅಂತ ನಿನಗೆ ಅನ್ನಿಸಿರಬಹುದು. ಆಧಾರ್ ಕಟ್ಟಲು ಮುಂದೆ ನಿಂತ ನಂದನ್ ನಿಲೇಕಣಿ ಬೆಂಗಳೂರಿನವರು ಅಂತ ನೀವು ಹೆಮ್ಮೆ ಪಡುತ್ತೀರಿ, ಪಡಬೇಕಾದದ್ದೇ. ಆದರೆ ಇದನ್ನು ಮೊದಲು ಕೋರ್ಟಿನಲ್ಲಿ ಪ್ರಶ್ನೆ ಮಾಡಿದವರೂ ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಅವರ ಅರ್ಜಿಯಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಮರುವರ್ಷ ಐವರ ಪೀಠ, ಸರ್ಕಾರದ ಸವಲತ್ತಿಗೆ ಆಧಾರ್ ಕೇಳಬಹುದು, ಸಿಮ್‌ಗೆ ಬ್ಯಾಂಕ್ ಖಾತೆಗೆ ಕಡ್ಡಾಯ ಮಾಡಬಾರದು ಅಂತ ಹೇಳಿತು. ತೀರ್ಪಿನಲ್ಲಿ ಬೀಡಿ ಕಟ್ಟುವವರನ್ನು ಬಿಟ್ಟು ಅಂತ ಎಲ್ಲೂ ಇಲ್ಲ.

ನಾನು ಕಳಿಸಿದ ಮುಚ್ಚಿದ ಪ್ರತಿಯೂ ನನ್ನ ತಲೆಯಿಂದ ಹುಟ್ಟಿದ್ದಲ್ಲ. ಅದು ಸರ್ಕಾರವೇ ಕೊಡುವ ಮಾಸ್ಕ್ಡ್ ಆಧಾರ್, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಒಂದು ಸೂಚನೆ ಹೊರಡಿಸಿತ್ತು, ಸಿಕ್ಕಸಿಕ್ಕವರಿಗೆ ಝೆರಾಕ್ಸ್ ಕೊಡಬೇಡಿ, ಇದನ್ನು ಕೊಡಿ ಅಂತ. ಹೋಟೆಲಿನವರು ಪ್ರತಿ ಇಟ್ಟುಕೊಳ್ಳುವ ಹಾಗಿಲ್ಲ ಅಂತಲೂ ಅದರಲ್ಲಿತ್ತು. ಜನ ಗಾಬರಿಯಾದರು ಅಂತ ಎರಡೇ ದಿನದಲ್ಲಿ ವಾಪಸ್ ತಗೊಂಡರು. ಆ ಎರಡು ದಿನ ನನಗೆ ಎಷ್ಟು ಸಮಾಧಾನ ಆಗಿತ್ತು ಗೊತ್ತಾ?

ಇನ್ನೊಂದು ಮಾತು ಹೇಳದೆ ಇರಲಾರೆ. ನಿನ್ನನ್ನು ಯಾರೂ ನೀನು ಎಲ್ಲಿಯವಳು ಅಂತ ದಿನಾ ಕೇಳುವುದಿಲ್ಲ. ನಮ್ಮನ್ನು ಎರಡೂ ಕಡೆ ಕೇಳುತ್ತಾರೆ. 2021ರಲ್ಲಿ ಕೊರೊನಾ ಹೊತ್ತಿಗೆ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಅಜ್ಜಿಯ ತಿಥಿಗೆ ಹೋಗಿ ಬರುವಾಗ ಕಾಗದ ತೋರಿಸಿ ಬಂದೆವು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ನೀವು ಕರ್ನಾಟಕದವರು ಅನ್ನುತ್ತಾರೆ. ಇಲ್ಲಿ ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ಅವ್ವನ ಹಳೇ ಮರಾಠಿ ಕಾರ್ಡ್ ನೋಡಿ, ಇದು ನಮ್ಮ ರಾಜ್ಯದ್ದಲ್ಲ, ಟಿಕೆಟ್ ತಗೊಳ್ಳಿ ಅಂದ. ಅವ್ವ ಅವನ ಜೊತೆ ಅಚ್ಚ ಕನ್ನಡದಲ್ಲೇ ಮಾತಾಡುತ್ತಿದ್ದಳು. ಟಿಕೆಟ್ ದುಡ್ಡು ಕೊಟ್ಟಳು. ಮನೆಗೆ ಬರುವವರೆಗೂ ಮಾತಾಡಲಿಲ್ಲ. ನಾವು ಇಲ್ಲಿಯವರೇ ಅಂತ ಜಾಸ್ತಿ ಸಲ ತೋರಿಸಬೇಕು, ಅದಕ್ಕೇ ನಮ್ಮ ಕಾಗದ ಜಾಸ್ತಿ ಜನರ ಕೈಯಲ್ಲಿದೆ. ಹಾಗಾಗಿ ಪ್ರೈವಸಿ ನಮಗೆ ನಿನಗಿಂತ ಒಂದು ಹಿಡಿ ಜಾಸ್ತಿಯೇ ಬೇಕು.

ರೂಮಿನವರಿಗೆ ನಾನು ಕಳಿಸಿದ ಪ್ರತಿಯನ್ನೇ ಕಳಿಸು. ಒಪ್ಪದಿದ್ದರೆ ನನಗೆ ಅವರ ನಂಬರ್ ಕೊಡು, ನಾನೇ ಮಾತಾಡುತ್ತೇನೆ. ಅವ್ವನ ವೋಟರ್ ಕಾರ್ಡ್ ತರುತ್ತೇನೆ, ಅಲ್ಲಿಯೇ ನೋಡಿ ವಾಪಸ್ ಕೊಡಲಿ. ಅವಳಿಗೆ ಪ್ರವಾಸದ ಖುಷಿ ಜೋರಾಗಿದೆ. ನಿನಗೆ ಅಂತ ಖರ್ಚಿಕಾಯಿ ಮಾಡಲು ರವೆ ತರಿಸಿದ್ದಾಳೆ. ನಾಳೆ ರೇಷನ್ ಕೊಡುತ್ತಾರಂತೆ, ತಮ್ಮನನ್ನು, ಅವನು ಪಾಳಿಗೆ ಹೋಗುವ ಮೊದಲು, ಆರು ಗಂಟೆಗೇ ಫೋನ್ ಮಾಡಿ ಎಬ್ಬಿಸಬೇಕು.