ಬಾಕ್ಸಿಂಗ್ ಡೇ ಸೇಲ್‌ನಲ್ಲಿ ಕೋಟು, ಟಿವಿ ಕೊಳ್ಳಲು ಎಷ್ಟು ಗಂಟೆಗೆ ಸಾಲಿನಲ್ಲಿ ನಿಲ್ಲಬೇಕು?

ಸಾಲಿನಲ್ಲಿ ನಿಲ್ಲಬೇಡಿ ಎಂಬುದೇ ನನ್ನ ಉತ್ತರ. ಇಂಗ್ಲೆಂಡಿನಲ್ಲಿ ಇದು ನಿಮ್ಮ ಮೊದಲ ಚಳಿಗಾಲ, ಉಣ್ಣೆಯ ಕೋಟನ್ನೂ ಟಿವಿಯನ್ನೂ ಕೊಳ್ಳದೆ ಬಾಕ್ಸಿಂಗ್ ಡೇ, ಅಂದರೆ ಕ್ರಿಸ್‌ಮಸ್‌ನ ಮರುದಿನವಾದ ಡಿಸೆಂಬರ್ 26ರ ಸೇಲ್‌ಗಾಗಿ ಕಾದಿದ್ದೀರಿ, ಬಾಗಿಲು ತೆರೆಯುವುದಕ್ಕೆ ಎಷ್ಟು ಮುಂಚೆ ಹೋದರೆ ಒಳ್ಳೆಯ ಮಾಲು ಸಿಗುತ್ತದೆ ಎಂದು ಕೇಳಿದ್ದೀರಿ. ಇಲ್ಲಿಗೆ ಬಂದ ವರ್ಷ ನಾನೂ ಇದೇ ಪ್ರಶ್ನೆಯನ್ನು ಕಚೇರಿಯ ಹಿರಿಯರೊಬ್ಬರ ಮುಂದಿಟ್ಟಿದ್ದೆ. "ಆರಕ್ಕೆ ಬಾಗಿಲು ತೆಗೆಯುತ್ತಾರೆ, ಐದಕ್ಕೆಲ್ಲ ಅಲ್ಲಿರಿ" ಎಂದು ಅವರು ಹೇಳಿದ್ದನ್ನು ವೇದವಾಕ್ಯವೆಂದು ನಂಬಿದೆ.

ನಾನಿದ್ದದ್ದು ಬರ್ಮಿಂಗ್‌ಹ್ಯಾಮ್‌ನ ಹೊರವಲಯದಲ್ಲಿ. ಡಿಸೆಂಬರ್ 25ರಂದು ಈ ದೇಶದಲ್ಲಿ ರೈಲುಗಳು ಓಡುವುದಿಲ್ಲ, 26ರಂದು ಓಡುವುದೂ ಬೆರಳೆಣಿಕೆಯಷ್ಟೇ ಎಂಬುದು ನನಗೆ ಹಿಂದಿನ ರಾತ್ರಿಯವರೆಗೆ ಗೊತ್ತಿರಲಿಲ್ಲ. ಹಬ್ಬದ ದರಕ್ಕೆ ಟ್ಯಾಕ್ಸಿ ಹಿಡಿದು, ಕತ್ತಲೆಯಲ್ಲಿ ಒಂದು ದೊಡ್ಡ ಅಂಗಡಿಯ ಮುಂದೆ ನಿಂತೆ. ಬಾಗಿಲು ತೆರೆದ ಮೇಲೆ ನೇರವಾಗಿ ಕೋಟುಗಳ ಕಡೆಗೆ ನಡೆದೆ. ಬಹಳ ದಿನಗಳಿಂದ ಗಾಜಿನ ಹೊರಗಿನಿಂದ ನೋಡಿಟ್ಟಿದ್ದ ಕಡುನೀಲಿ ಕೋಟು ಅಲ್ಲಿ ತೂಗುತ್ತಿತ್ತು. ಅದರ ಚೀಟಿಯ ಮೇಲಿದ್ದ 180 ಪೌಂಡ್ ಎಂಬ ಬೆಲೆಗೆ ಗೆರೆ ಎಳೆದು, ಕೆಳಗೆ ಕೆಂಪು ಸ್ಟಿಕ್ಕರಿನಲ್ಲಿ 72 ಎಂದು ಅಚ್ಚು ಹಾಕಿದ್ದರು. ನನ್ನ ಅಳತೆ 40, ಉಳಿದಿದ್ದದ್ದು 38. ಜನಜಂಗುಳಿಯ ಕಾರಣಕ್ಕೆ ಟ್ರಯಲ್ ರೂಮುಗಳನ್ನು ಮುಚ್ಚಿದ್ದರು. ತೊಟ್ಟಿದ್ದ ದಪ್ಪ ಸ್ವೆಟರಿನ ಮೇಲೆಯೇ ಕೋಟನ್ನು ಏರಿಸಿಕೊಂಡು ನೋಡಿದಾಗ ಭುಜ ಬಿಗಿದುಕೊಂಡಿತು. ಸ್ವೆಟರಿನ ದೆಸೆಯಿಂದ ಹಾಗಾಗಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮನೆಗೆ ಹೋಗಿ ನೋಡೋಣ, ಆಗದಿದ್ದರೆ ಹಿಂದಿರುಗಿಸಿದರಾಯಿತು ಎಂದುಕೊಂಡು ಹಣ ಕೊಟ್ಟು ಬಂದೆ.

ನನಗೆ ನಷ್ಟ ತಂದದ್ದು ಆ ಕೊನೆಯ ವಾಕ್ಯ. ಅದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಇಲ್ಲಿಗೆ ಬಂದ ನಮ್ಮವರಲ್ಲಿ ಹೆಚ್ಚಿನವರು ಇದೇ ನಂಬಿಕೆಯನ್ನು ಇಟ್ಟುಕೊಂಡಿರುತ್ತಾರೆ. "ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ" ಎಂಬ ಫಲಕಗಳನ್ನು ನೋಡುತ್ತ ಬೆಳೆದವರು ನಾವು. ಇಲ್ಲಿಗೆ ಬಂದ ಮೇಲೆ, ಬಿಲ್ ಇದ್ದರೆ ಸಾಕು ಏನನ್ನಾದರೂ ಹಿಂದಿರುಗಿಸಬಹುದು ಎಂದು ಯಾರೋ ಹೇಳುತ್ತಾರೆ. ಒಂದೆರಡು ಸಲ ಹಿಂದಿರುಗಿಸಿಯೂ ನೋಡುತ್ತೇವೆ, ಅವರು ನಗುನಗುತ್ತಲೇ ತೆಗೆದುಕೊಳ್ಳುತ್ತಾರೆ. ಆಗ ಅದು ಕಾನೂನಿನ ಹಕ್ಕು ಎಂಬ ಭಾವನೆ ಬೇರೂರುತ್ತದೆ. ವಾಸ್ತವವಾಗಿ, ಅಂಗಡಿಗೆ ಹೋಗಿ ಕೈಯಾರೆ ಆರಿಸಿ ತಂದ, ಯಾವ ದೋಷವೂ ಇಲ್ಲದ ವಸ್ತುವನ್ನು "ಇಷ್ಟವಾಗಲಿಲ್ಲ", "ಅಳತೆ ಆಗಲಿಲ್ಲ" ಎಂಬ ಕಾರಣಕ್ಕೆ ಹಿಂದಿರುಗಿಸುವ ಹಕ್ಕನ್ನು ಬ್ರಿಟನ್ನಿನ ಕಾನೂನು ಕೊಟ್ಟಿಲ್ಲ. ಅದು ಅಂಗಡಿಯವರು ತಾವಾಗಿ ತೋರಿಸುವ ಸೌಜನ್ಯ. ಆ ಸೌಜನ್ಯದ ಷರತ್ತುಗಳನ್ನು ಅವರೇ ಬರೆಯುತ್ತಾರೆ, ಸೇಲ್‌ನ ಮಾಲಿಗೆ ಅದನ್ನು ಕಡಿತಗೊಳಿಸುವ ಸ್ವಾತಂತ್ರ್ಯವೂ ಅವರಿಗಿದೆ.

ನನ್ನ ಬಿಲ್ಲಿನ ಹಿಂಬದಿಯಲ್ಲಿ, ರಿಯಾಯಿತಿಯ ವಸ್ತುಗಳಿಗೆ ಹಣ ವಾಪಸಾತಿ ಇಲ್ಲ, ಬದಲಿ ಮಾತ್ರ ಉಂಟು ಎಂದು ಮಸುಕಾದ ಶಾಯಿಯಲ್ಲಿತ್ತು. ಬದಲಿ ಕೊಡಲು 40ರ ಅಳತೆ ಅಂಗಡಿಯಲ್ಲಿರಲಿಲ್ಲ. ನಾನು ಅರೆಬರೆ ಓದಿಕೊಂಡಿದ್ದ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯನ್ನು ಹೆಸರಿಸಿ, 30 ದಿನಗಳೊಳಗೆ ಹಣ ಮರಳಿಸಲೇಬೇಕು ಎಂದು ವಾದಿಸಿದೆ. ಮ್ಯಾನೇಜರ್ ಬಂದು ಕೋಟನ್ನು ಬೆಳಕಿಗೆ ಹಿಡಿದು, ಒಂದೊಂದು ಗುಂಡಿಯನ್ನೂ ಒಳಗಿನ ಅಸ್ತರನ್ನೂ ನೋಡಿ, "ಇದರಲ್ಲಿ ದೋಷವೇನಿದೆ, ಹೇಳಿ" ಎಂದು ಕೇಳಿದರು. ದೋಷ ಕೋಟಿನಲ್ಲಿರಲಿಲ್ಲ. ಆ 30 ದಿನಗಳ ಅವಕಾಶವಿರುವುದು ಹೊಲಿಗೆ ಬಿಟ್ಟಿದ್ದರೆ, ಜಿಪ್ ಕೆಟ್ಟಿದ್ದರೆ, ಉಣ್ಣೆ ಎಂದು ಹೇಳಿ ಬೇರೇನನ್ನೋ ಕೊಟ್ಟಿದ್ದರೆ. ನನ್ನ ಭುಜದ ಅಗಲಕ್ಕೆ ಆ ಕಾಯ್ದೆ ಹೊಣೆಯಲ್ಲ.

ಇಷ್ಟಾದರೆ ಹೋಗಲಿ ಎನ್ನಬಹುದಿತ್ತು. ನನ್ನ ಜೊತೆ ಅದೇ ಮನೆಯಲ್ಲಿದ್ದ ಗೆಳೆಯ, ಅದೇ ಅಂಗಡಿಯ ವೆಬ್‌ಸೈಟಿನಲ್ಲಿ, ಅದೇ ಕೋಟನ್ನು, 40ರ ಅಳತೆಯಲ್ಲಿ, ಅದೇ 72 ಪೌಂಡಿಗೆ, ಡಿಸೆಂಬರ್ 24ರ ರಾತ್ರಿ ಊಟ ಮಾಡುತ್ತಲೇ ಮೊಬೈಲಿನಲ್ಲಿ ತರಿಸಿಕೊಂಡಿದ್ದ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದೊಡ್ಡ ಅಂಗಡಿಗಳು ಡಿಸೆಂಬರ್ 25ರಂದು ತೆರೆಯುವುದನ್ನು 2004ರ ಕಾಯ್ದೆಯೊಂದು ನಿಷೇಧಿಸುತ್ತದೆ. ವೆಬ್‌ಸೈಟಿಗೆ ಆ ನಿಷೇಧವಿಲ್ಲದ ಕಾರಣ ಅನೇಕ ಅಂಗಡಿಗಳ ಸೇಲ್ ಕ್ರಿಸ್‌ಮಸ್‌ಗೆ ಮೊದಲೇ ಅಥವಾ ಕ್ರಿಸ್‌ಮಸ್ ದಿನದಂದೇ ಆನ್‌ಲೈನಿನಲ್ಲಿ ಆರಂಭವಾಗಿಬಿಡುತ್ತದೆ. ನೀವು ಮುಂಜಾನೆ ಸಾಲಿನಲ್ಲಿ ನಿಂತು ಒಳಗೆ ಕಾಲಿಡುವಾಗ ನಿಜವಾದ ಸಾಲು ಮುಗಿದು ಎಷ್ಟೋ ಹೊತ್ತಾಗಿರುತ್ತದೆ. ಗೆಳೆಯನಿಗೆ ಕೊನೆಗೆ ಆ ಬಣ್ಣ ಹಿಡಿಸಲಿಲ್ಲ. ಅವನು ಕಾರಣವನ್ನೂ ಹೇಳದೆ ಹಿಂದಿರುಗಿಸಿದ. ಕೋಟಿನ ಬೆಲೆಯ ಜೊತೆಗೆ ತರಿಸಿಕೊಳ್ಳಲು ಕೊಟ್ಟಿದ್ದ ಡೆಲಿವರಿ ಶುಲ್ಕವೂ ಮರಳಿ ಬಂತು.

ವ್ಯತ್ಯಾಸವಿರುವುದು 2013ರ ಗ್ರಾಹಕ ಒಪ್ಪಂದಗಳ ನಿಯಮಾವಳಿಯಲ್ಲಿ. ವಸ್ತುವನ್ನು ಮುಟ್ಟಿ ನೋಡದೆ ದೂರದಿಂದ ಕೊಂಡವರಿಗೆ, ಅದು ಕೈಸೇರಿದ ಮೇಲೆ 14 ದಿನಗಳೊಳಗೆ ಖರೀದಿಯನ್ನು ರದ್ದುಪಡಿಸುವ ಹಕ್ಕು ಅದರಲ್ಲಿದೆ, ಸೇಲ್‌ನ ಬೆಲೆಗೆ ಕೊಂಡಿದ್ದರೂ ಆ ಹಕ್ಕು ತಪ್ಪುವುದಿಲ್ಲ. ರದ್ದುಪಡಿಸಿರುವುದಾಗಿ ತಿಳಿಸಿದ ಮೇಲೆ ವಸ್ತುವನ್ನು ಕಳುಹಿಸಲು ಇನ್ನೂ 14 ದಿನಗಳ ಕಾಲಾವಕಾಶ ಇರುತ್ತದೆ. ಹಿಂದಕ್ಕೆ ಕಳುಹಿಸುವ ಅಂಚೆ ವೆಚ್ಚ ನಿಮ್ಮ ಮೇಲೆ ಬೀಳಬಹುದು, ಅದನ್ನು ಮೊದಲೇ ನೋಡಿಕೊಳ್ಳಿ. ಅಂಗಡಿಯಲ್ಲಿ ತೊಟ್ಟು ನೋಡುವಷ್ಟರ ಮಟ್ಟಿಗೆ ಮನೆಯಲ್ಲಿ ತೊಟ್ಟು ನೋಡಬಹುದು. ಹೊರಗೆ ತೊಟ್ಟು ಓಡಾಡಿ ಬಂದರೆ ಮರಳಿಸುವ ಹಣದಲ್ಲಿ ಕಡಿತ ಮಾಡುವ ಅಧಿಕಾರ ಅವರಿಗಿದೆ. ನಿಮ್ಮ ಅಳತೆಗೆಂದೇ ಹೊಲಿಸಿದ ಬಟ್ಟೆಗೆ ಈ ಹಕ್ಕು ಇಲ್ಲ. ಇಲ್ಲೊಂದು ಸೂಕ್ಷ್ಮವೂ ಉಂಟು. ಆನ್‌ಲೈನಿನಲ್ಲಿ ಹಣ ಪಾವತಿಸಿ ಅಂಗಡಿಯಿಂದ ಎತ್ತಿಕೊಂಡು ಬಂದರೆ ಅದು ದೂರದ ಖರೀದಿ. ಆನ್‌ಲೈನಿನಲ್ಲಿ ಬರೇ ಕಾದಿರಿಸಿ, ಅಂಗಡಿಯ ಕೌಂಟರಿನಲ್ಲಿ ಹಣ ಕೊಟ್ಟರೆ ಸಾಮಾನ್ಯವಾಗಿ ಅದನ್ನು ಅಂಗಡಿಯಲ್ಲೇ ಕೊಂಡಂತೆ ಪರಿಗಣಿಸುತ್ತಾರೆ. ಎರಡರಲ್ಲೂ ನೀವು ಒಂದೇ ಬಾಗಿಲಿನಿಂದ ಒಂದೇ ಚೀಲವನ್ನು ಹಿಡಿದುಕೊಂಡು ಹೊರಬರುತ್ತೀರಿ, ಆದರೆ ಒಂದರಲ್ಲಿ ಮಾತ್ರ ಮನಸ್ಸು ಬದಲಾಯಿಸಲು ಕಾನೂನಿನ ಬೆಂಬಲವಿರುತ್ತದೆ.

ಅಂದರೆ ಚಳಿಯಲ್ಲಿ ನಿಂತು, ಟ್ಯಾಕ್ಸಿಗೆ ದುಡ್ಡು ಸುರಿದು, ನಾನು ಕೊಂಡದ್ದು ಮನೆಯಲ್ಲಿ ಕುಳಿತವನಿಗಿಂತ ಕಡಿಮೆ ಹಕ್ಕುಗಳಿದ್ದ ಕೋಟನ್ನು. ಜನವರಿಯ ಚಳಿ ತಡೆಯಲಾರದೆ ಇನ್ನೊಂದನ್ನು ಪೂರ್ಣ ಬೆಲೆಗೆ ಕೊಂಡೆ. ಮೊದಲನೆಯದನ್ನು ಊರಿಗೆ ಹೋದಾಗ ತಮ್ಮನಿಗೆ ಕೊಟ್ಟೆ, ಅವನು ಅದನ್ನು ತೊಟ್ಟದ್ದನ್ನು ಈವರೆಗೆ ಯಾರೂ ನೋಡಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಒಪ್ಪಿಗೆಯಾಗದ ಇನ್ನೊಂದು ಸಂಗತಿಯಿದೆ. ಶೇಕಡ 50ಕ್ಕಿಂತ ಹೆಚ್ಚು ಕಡಿತ ಇದ್ದರಷ್ಟೇ ಕೊಳ್ಳುತ್ತೇನೆ ಎಂದಿದ್ದೀರಿ. ಎಷ್ಟರಿಂದ ಇಳಿಸಿದ್ದಾರೆ ಎಂಬುದನ್ನು ಚೀಟಿಯೇ ಹೇಳುವುದಾದರೆ, ಆ ಶೇಕಡಾವಾರು ಅಂಗಡಿಯವರ ಲೆಕ್ಕವೇ ಹೊರತು ನಿಮ್ಮದಲ್ಲ. ಹಳೆಯ ಬೆಲೆಯೆಂದು ತೋರಿಸುವುದಾದರೆ ಆ ಬೆಲೆಗೆ ವಸ್ತುವನ್ನು ಸತತ 28 ದಿನ ಮಾರಾಟಕ್ಕೆ ಇಟ್ಟಿರಬೇಕು ಎಂಬ ಅಂಶ ಇಲ್ಲಿನ ಹಳೆಯ ಮಾರ್ಗಸೂಚಿಯಲ್ಲಿತ್ತು; 2016ರ ಕೊನೆಯಲ್ಲಿ ಬಂದ ಹೊಸ ಮಾರ್ಗಸೂಚಿ ಆ ನಿಗದಿತ ಲೆಕ್ಕವನ್ನು ಬಿಟ್ಟು, ಹೋಲಿಕೆ ಪ್ರಾಮಾಣಿಕವಾಗಿದೆಯೇ ಎಂದು ಒಟ್ಟಾರೆಯಾಗಿ ನೋಡುತ್ತದೆ. ಸುಳ್ಳು ಬೆಲೆ ತೋರಿಸುವುದು ಈಗಲೂ ಅಪರಾಧವೇ, ಆದರೆ ಹಳೆಯ ಬೆಲೆ ಎಷ್ಟು ದಿನ ಇತ್ತೆಂದು ಚೀಟಿಯನ್ನು ನೋಡಿದ ಮಾತ್ರಕ್ಕೆ ನಿಮಗೆ ತಿಳಿಯುವುದಿಲ್ಲ. ವಿಚ್ ಎಂಬ ಗ್ರಾಹಕ ಸಂಸ್ಥೆ ನವೆಂಬರ್ ಕೊನೆಯಲ್ಲಿ ಬರುವ ಬ್ಲ್ಯಾಕ್ ಫ್ರೈಡೇ ಸೇಲ್‌ನ ಕೊಡುಗೆಗಳ ಬೆಲೆಯನ್ನು ವರ್ಷವಿಡೀ ಹಿಂಬಾಲಿಸಿ, ಅವುಗಳಲ್ಲಿ ಬಹುಪಾಲು ವರ್ಷದ ಬೇರೆ ಸಮಯದಲ್ಲಿಯೂ ಅದೇ ಬೆಲೆಗೆ ಅಥವಾ ಇನ್ನೂ ಕಡಿಮೆಗೆ ಸಿಗುತ್ತಿದ್ದವು ಎಂದು ಮತ್ತೆ ಮತ್ತೆ ತೋರಿಸಿದೆ. ಬಾಕ್ಸಿಂಗ್ ಡೇಯ ಕೆಂಪು ಸ್ಟಿಕ್ಕರನ್ನೂ ನಾನು ಅದೇ ಅನುಮಾನದಿಂದ ನೋಡುತ್ತೇನೆ. ಪ್ರೈಸ್‌ಸ್ಪೈಯಂತಹ ತಾಣಗಳಲ್ಲಿ, ಅಮೆಜಾನ್ ಆದರೆ ಕ್ಯಾಮೆಲ್‌ಕ್ಯಾಮೆಲ್‌ಕ್ಯಾಮೆಲ್‌ನಲ್ಲಿ, ಒಂದು ಮಾದರಿಯ ಬೆಲೆ ತಿಂಗಳುಗಳಿಂದ ಹೇಗೆ ಏರಿಳಿದಿದೆ ಎಂಬ ರೇಖೆ ಕಾಣುತ್ತದೆ. ಈಗಲೇ ಅದನ್ನು ನೋಡಿ, "ಇಷ್ಟಕ್ಕೆ ಬಂದರೆ ಕೊಳ್ಳುತ್ತೇನೆ" ಎಂಬ ಒಂದು ಮೊತ್ತವನ್ನು ಪೌಂಡುಗಳಲ್ಲಿ ಬರೆದಿಟ್ಟುಕೊಳ್ಳಿ. ಶೇಕಡಾವಾರನ್ನು ಮರೆತುಬಿಡಿ.

ಕೋಟಿನ ವಿಷಯದಲ್ಲಿ ಎಲ್ಲವೂ ನಿಮ್ಮ ಅಳತೆಯನ್ನು ಅವಲಂಬಿಸಿದೆ. ನಡುವಿನ ಅಳತೆಗಳು ಮೊದಲು ಖಾಲಿಯಾಗುತ್ತವೆ, ಆದ್ದರಿಂದ ನಿಮ್ಮದು ಎಲ್ಲರಿಗೂ ಬೇಕಾಗುವ ಅಳತೆಯಾಗಿದ್ದರೆ ಸೇಲ್ ಆನ್‌ಲೈನಿನಲ್ಲಿ ತೆರೆದ ರಾತ್ರಿಯೇ ತರಿಸಿಕೊಳ್ಳಿ; ಅನುಮಾನವಿದ್ದರೆ ಎರಡು ಅಳತೆಗಳನ್ನು ತರಿಸಿ ಒಂದನ್ನು ಹಿಂದಿರುಗಿಸಿ. ತೀರ ಸಣ್ಣ ಅಥವಾ ತೀರ ದೊಡ್ಡ ಅಳತೆಯವರಾದರೆ ಜನವರಿಯ ನಡುವಿನವರೆಗೆ ಧೈರ್ಯವಾಗಿ ಕಾಯಬಹುದು, ವಸಂತದ ಬಟ್ಟೆಗಳಿಗೆ ಜಾಗ ಮಾಡಲು ಉಳಿದ ಮಾಲಿನ ಬೆಲೆಯನ್ನು ಇನ್ನೊಮ್ಮೆ ಇಳಿಸುತ್ತಾರೆ. ಇಲ್ಲಿನ ಚಳಿ ಮಾರ್ಚಿನವರೆಗೂ ಬಿಡುವುದಿಲ್ಲವಾದ್ದರಿಂದ ಆಗ ಕೊಂಡ ಕೋಟು ಅದೇ ವರ್ಷ ಉಪಯೋಗಕ್ಕೆ ಬರುತ್ತದೆ. ಆದರೆ ಈಗ ನಿಮ್ಮ ಬಳಿ ಬೆಚ್ಚಗಿನ ಉಡುಪೇ ಇಲ್ಲ ಎಂದಾದರೆ ಯಾವ ಸೇಲ್‌ಗೂ ಕಾಯಬೇಡಿ, ಬಳಸಿದ ಬಟ್ಟೆಗಳನ್ನು ಅಗ್ಗವಾಗಿ ಮಾರುವ ಚಾರಿಟಿ ಅಂಗಡಿಯಲ್ಲಿ ಒಂದನ್ನು ಇಂದೇ ಕೊಳ್ಳಿ. ಹೊಸ ಕೋಟಿನ ಚಿಂತೆ ಆಮೇಲೆ ಆಗಬಹುದು.

ಅಂಗಡಿಗೆ ಹೋಗಿಯೇ ಕೊಳ್ಳಬೇಕಾದದ್ದು ಎಂದರೆ ನನ್ನ ಮಟ್ಟಿಗೆ ಶುಭಾಶಯ ಪತ್ರ, ಉಡುಗೊರೆ ಸುತ್ತುವ ಕಾಗದ, ಅಲಂಕಾರದ ಸಾಮಾನು ಮಾತ್ರ. ಹಬ್ಬ ಕಳೆದ ಮೇಲೆ ಅವುಗಳಿಗೆ ಬೆಲೆಯೇ ಇಲ್ಲವಾದ್ದರಿಂದ ಅಲ್ಲಿನ ಕಡಿತ ನಿಜವಾದದ್ದು. ಅದಕ್ಕೂ ಮುಂಜಾನೆ ಓಡಬೇಕಾಗಿಲ್ಲ.

ಟಿವಿಯನ್ನು ಡಿಸೆಂಬರಿನಲ್ಲಿ ಕೊಳ್ಳಬೇಡಿ ಎನ್ನುತ್ತೇನೆ. ಪ್ರತಿ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ನಡೆಯುವ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಪ್ರದರ್ಶನದಲ್ಲಿ ತಯಾರಕರು ಹೊಸ ಮಾದರಿಗಳನ್ನು ತೋರಿಸುತ್ತಾರೆ, ಅವು ವಸಂತದಲ್ಲಿ ಅಂಗಡಿಗೆ ಬರತೊಡಗಿದಾಗ ಹಿಂದಿನ ವರ್ಷದ ಒಳ್ಳೆಯ ಮಾದರಿಗಳನ್ನು ಕಡಿಮೆ ಬೆಲೆಗೆ ಖಾಲಿ ಮಾಡುತ್ತಾರೆ. ಸೇಲ್‌ನಲ್ಲೇ ಕೊಳ್ಳುವುದಾದರೆ ಮಾದರಿಯ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೆ ಹೋಲಿಸಿ ನೋಡಿ, ಏಕೆಂದರೆ ನೋಡಲು ಒಂದೇ ರೀತಿಯಿದ್ದು ಒಳಗಿನ ಭಾಗಗಳು ಅಗ್ಗವಾಗಿರುವ ಸೆಟ್‌ಗಳು ಒಂದೆರಡು ಅಕ್ಷರಗಳ ವ್ಯತ್ಯಾಸದಲ್ಲಿ ಅಡಗಿರುತ್ತವೆ. ಕ್ರೆಡಿಟ್ ಕಾರ್ಡ್ ಇದ್ದರೆ ಅದರಲ್ಲಿಯೇ ಪಾವತಿಸಿ. ವಸ್ತುವಿನ ಬೆಲೆ 100 ಪೌಂಡಿಗಿಂತ ಹೆಚ್ಚಿದ್ದು 30,000 ಪೌಂಡನ್ನು ಮೀರದಿದ್ದರೆ, 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಮಾರಿದವರ ಮೇಲಿರುವಷ್ಟೇ ಹೊಣೆ ಕಾರ್ಡ್ ನೀಡಿದ ಸಂಸ್ಥೆಯ ಮೇಲೂ ಇರುತ್ತದೆ, ಮುಂಗಡದ ಸ್ವಲ್ಪ ಭಾಗವನ್ನಷ್ಟೇ ಕಾರ್ಡಿನಲ್ಲಿ ಕೊಟ್ಟಿದ್ದರೂ ಸರಿ. ಸೇಲ್ ಮುಗಿದ ಮೇಲೆ ಅಂಗಡಿಯೇ ಬಾಗಿಲು ಹಾಕಿಕೊಂಡರೆ ಇದು ಕೆಲಸಕ್ಕೆ ಬರುತ್ತದೆ. ಇನ್ನು, ಯಾವುದೇ ವಾಹಿನಿಯನ್ನು ನೇರ ಪ್ರಸಾರದಲ್ಲಿ ನೋಡುವುದಾದರೆ ಅಥವಾ ಬಿಬಿಸಿಯ ಆನ್‌ಲೈನ್ ಸೇವೆಯಾದ ಐಪ್ಲೇಯರ್ ಬಳಸುವುದಾದರೆ ಟಿವಿ ಲೈಸೆನ್ಸ್ ಪಡೆಯಬೇಕು. ಆ ಶುಲ್ಕ ಚೀಟಿಯ ಮೇಲಿನ ಬೆಲೆಯಲ್ಲಿ ಸೇರಿರುವುದಿಲ್ಲ, ಪ್ರತಿ ವರ್ಷವೂ ಕಟ್ಟಬೇಕಾಗುತ್ತದೆ. ಟಿವಿಗೆಂದು ನೀವು ಬರೆದಿಟ್ಟುಕೊಳ್ಳುವ ಮೊತ್ತದಲ್ಲಿ ಮೊದಲ ವರ್ಷದ್ದನ್ನಾದರೂ ಸೇರಿಸಿಕೊಳ್ಳಿ.