ಸೂಯೆಜ್ 1956: ಸೇನೆ ಸೋಲದಿದ್ದರೂ ಬ್ರಿಟನ್ ಹಿಂದೆ ಸರಿದದ್ದೇಕೆ? ಸಂಧಾನ ನಡೆದದ್ದು ಯಾರ ಜೊತೆ?

ನಿಮ್ಮ ಪ್ರಶ್ನೆ ಇದು: "ಸೂಯೆಜ್ ಯುದ್ಧದಲ್ಲಿ ಬ್ರಿಟನ್, ಫ್ರಾನ್ಸ್ ಸೇನೆಗಳು ಗೆಲ್ಲುತ್ತಲೇ ಇದ್ದವು. ಆದರೂ ಎರಡೇ ದಿನಕ್ಕೆ ನಿಂತುಬಿಟ್ಟವು, ಯಾಕೆ? ಆಮೇಲೆ ಶಾಂತಿ ಒಪ್ಪಂದ ಎಲ್ಲಿ ಆಯಿತು, ಯಾರು ಸಹಿ ಹಾಕಿದರು?"

ಎರಡನೆಯದಕ್ಕೇ ಮೊದಲು ಉತ್ತರಿಸುತ್ತೇನೆ, ಯಾಕೆಂದರೆ ಹೆಚ್ಚಿನವರು ಎಡವುವುದು ಅಲ್ಲಿ. ಶಾಂತಿ ಒಪ್ಪಂದ ಅಂತ ಒಂದು ಆಗಲೇ ಇಲ್ಲ. ಎಲ್ಲರೂ ಒಂದು ಮೇಜಿನ ಸುತ್ತ ಕೂತದ್ದೂ ಇಲ್ಲ. ಕದನ ವಿರಾಮ ನ್ಯೂಯಾರ್ಕ್‌ನಲ್ಲಿ, ಸಾಲದ ಮಾತು ವಾಷಿಂಗ್ಟನ್‌ನಲ್ಲಿ, ಶಾಂತಿಪಡೆಯ ಷರತ್ತು ಕೈರೋದಲ್ಲಿ, ಕಾಲುವೆ ಕಂಪನಿಯ ಷೇರುದಾರರ ಪರಿಹಾರ ರೋಮ್ ಮತ್ತು ಜಿನೀವಾದಲ್ಲಿ. ಹೀಗೆ ಚೂರುಚೂರಾಗಿ ಮುಗಿಯಲು ಎರಡೂವರೆ ವರ್ಷ ಹಿಡಿಯಿತು.

ಈಗ ಮೊದಲನೆಯದು. 1956ರ ಜುಲೈ 26ರಂದು ಈಜಿಪ್ಟ್ ಅಧ್ಯಕ್ಷ ನಾಸೆರ್ ಸೂಯೆಜ್ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಿಸಿದರು. ಅಸ್ವಾನ್ ಅಣೆಕಟ್ಟಿಗೆ ಕೊಡುತ್ತೇವೆಂದಿದ್ದ ನೆರವನ್ನು ಅದರ ಹಿಂದಿನ ವಾರವಷ್ಟೇ ಅಮೆರಿಕ, ಬ್ರಿಟನ್ ಹಿಂತೆಗೆದುಕೊಂಡಿದ್ದವು. ಕಂಪನಿಯಲ್ಲಿ ಬ್ರಿಟಿಷ್ ಸರ್ಕಾರದ ಪಾಲು ಶೇ. 44. ಆದರೆ ಕಂಪನಿಯ ಗುತ್ತಿಗೆ ಹೇಗೂ 1968ಕ್ಕೆ ಮುಗಿಯುವುದಿತ್ತು. ಹನ್ನೆರಡು ವರ್ಷದ ಹಕ್ಕಿಗಾಗಿ ಇಷ್ಟೆಲ್ಲ ಆಯಿತು ಅನ್ನುವುದನ್ನು ನೆನಪಿಡಿ.

ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ 22 ದೇಶಗಳ ಸಮ್ಮೇಳನ ನಡೆಯಿತು. ಈಜಿಪ್ಟ್ ಬರಲಿಲ್ಲ. ಕಾಲುವೆಯನ್ನು ಅಂತರರಾಷ್ಟ್ರೀಯ ಮಂಡಳಿಯೇ ನಡೆಸಬೇಕು ಎಂಬ ಅಮೆರಿಕದ ಯೋಜನೆಗೆ 18 ದೇಶಗಳು ಒಪ್ಪಿದವು. ಭಾರತದ ಪರವಾಗಿ ಹೋಗಿದ್ದ ಕೃಷ್ಣ ಮೆನನ್ ಬೇರೆ ದಾರಿ ಹೇಳಿದರು: ನಡೆಸುವವರು ಈಜಿಪ್ಟಿನವರೇ ಆಗಲಿ, ಬಳಸುವ ದೇಶಗಳದ್ದು ಸಲಹಾ ಮಂಡಳಿ ಮಾತ್ರ ಇರಲಿ. ಆಗ ಅದನ್ನು ಬದಿಗೆ ಸರಿಸಿದರು. ಅಕ್ಟೋಬರ್ 13ರಂದು ಭದ್ರತಾ ಮಂಡಳಿ ಆರು ತತ್ವಗಳನ್ನು ಅಂಗೀಕರಿಸಿತು: ಮುಕ್ತ ಸಂಚಾರ, ಈಜಿಪ್ಟಿನ ಸಾರ್ವಭೌಮತ್ವಕ್ಕೆ ಗೌರವ, ಯಾವುದೇ ಒಂದು ದೇಶದ ರಾಜಕೀಯಕ್ಕೆ ಕಾಲುವೆ ಸಿಕ್ಕದಿರುವುದು, ಸುಂಕವನ್ನು ಒಪ್ಪಂದದ ಮೇಲೆ ನಿಗದಿ ಮಾಡುವುದು, ಆದಾಯದ ಒಂದು ಪಾಲು ಅಭಿವೃದ್ಧಿಗೆ, ವಿವಾದ ಬಂದರೆ ಪಂಚಾಯ್ತಿ. ಬ್ರಿಟನ್, ಫ್ರಾನ್ಸ್, ಈಜಿಪ್ಟ್ ಮೂರೂ ದೇಶಗಳ ವಿದೇಶಾಂಗ ಸಚಿವರು ನ್ಯೂಯಾರ್ಕ್‌ನಲ್ಲಿ ಖಾಸಗಿಯಾಗಿ ಕೂತು ಒಪ್ಪಿದ್ದ ಪಟ್ಟಿಯಿದು. ಜಾರಿ ಹೇಗೆ ಎಂಬುದಷ್ಟೇ ಬಾಕಿಯಿತ್ತು.

ಅದಾದ ಒಂಬತ್ತನೇ ದಿನಕ್ಕೆ ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿ ಗುಟ್ಟಿನ ಸಭೆ ಶುರು. ಅಕ್ಟೋಬರ್ 24ರಂದು ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸಹಿ ಹಾಕಿದ ಯೋಜನೆ ಹೀಗಿತ್ತು. ಇಸ್ರೇಲ್ ಸಿನಾಯ್‌ಗೆ ನುಗ್ಗಬೇಕು. ಬ್ರಿಟನ್, ಫ್ರಾನ್ಸ್ "ಜಗಳ ಬಿಡಿಸುವವರ" ವೇಷದಲ್ಲಿ ಗಡುವು ಕೊಡಬೇಕು. ಈಜಿಪ್ಟ್ ಒಪ್ಪುವುದಿಲ್ಲ, ಆಗ ಕಾಲುವೆ ಹಿಡಿಯಬೇಕು.

ಯೋಜನೆ ಕೆಟ್ಟದ್ದು ಈ ವೇಷದಿಂದಲೇ. ನಾಟಕ ನಂಬುವಂತಿರಬೇಕಾದರೆ ಗಡುವಿಗೆ ಮುಂಚೆ ದಂಡು ಬಹಿರಂಗವಾಗಿ ಹೊರಡುವ ಹಾಗಿಲ್ಲ. ಸೈಪ್ರಸ್ ಹತ್ತಿರವಿದ್ದರೂ ದೊಡ್ಡ ಹಡಗುಪಡೆ ತಂಗುವ ಬಂದರು ಅಲ್ಲಿರಲಿಲ್ಲ. ಮಾಲ್ಟಾದಿಂದ ಕಾಲುವೆಯ ಉತ್ತರದ ಬಾಯಲ್ಲಿರುವ ಪೋರ್ಟ್ ಸೈದ್‌ಗೆ ಟ್ಯಾಂಕ್ ಇಳಿಸುವ ನಿಧಾನದ ಹಡಗುಗಳಿಗೆ ಆರು ದಿನದ ಹಾದಿ. ಅಕ್ಟೋಬರ್ 29ಕ್ಕೆ ಇಸ್ರೇಲ್ ದಾಳಿ, 30ಕ್ಕೆ 12 ಗಂಟೆಯ ಗಡುವು, 31ಕ್ಕೆ ಬಾಂಬ್ ದಾಳಿ. ಪ್ಯಾರಾಟ್ರೂಪರ್‌ಗಳು ಇಳಿದದ್ದು ನವೆಂಬರ್ 5ಕ್ಕೆ, ಹಡಗಿನ ಸೇನೆ 6ಕ್ಕೆ. (ಬ್ರಿಟನ್ನಿನೊಳಗೆ ಟ್ಯಾಂಕುಗಳನ್ನು ಬಂದರಿಗೆ ಸಾಗಿಸಿದ್ದು ಮನೆ ಸಾಮಾನು ಸಾಗಿಸುವ ಖಾಸಗಿ ಕಂಪನಿಯ ಲಾರಿಗಳು. ಸಿದ್ಧತೆಯ ಮಟ್ಟ ಅಷ್ಟು.)

ಗಡುವಿನ ಒಕ್ಕಣೆಯೂ ಅಷ್ಟೇ ಚೆಂದ. ಎರಡೂ ಕಡೆಯವರು ಕಾಲುವೆಯಿಂದ ಹತ್ತು ಮೈಲಿ ದೂರ ಸರಿಯಬೇಕಂತೆ. ಇಸ್ರೇಲಿ ಪಡೆ ಆಗಿನ್ನೂ ಆ ಹತ್ತು ಮೈಲಿಯ ಗೆರೆಯಿಂದ ಎಷ್ಟೋ ಹಿಂದಿತ್ತು. ಅಂದರೆ ದಾಳಿ ಮಾಡಿದವನಿಗೆ "ಇನ್ನಷ್ಟು ಮುಂದೆ ಬಾ", ದಾಳಿಗೊಳಗಾದವನಿಗೆ "ನಿನ್ನ ನೆಲ ಬಿಟ್ಟು ಹಿಂದೆ ಹೋಗು" ಎಂದ ಹಾಗಾಯಿತು. ಓದಿದವರಿಗೆಲ್ಲ ಅಂದೇ ವಾಸನೆ ಹತ್ತಿತು.

ಬಾಂಬ್ ಬೀಳುವುದಕ್ಕೂ ಸೇನೆ ಇಳಿಯುವುದಕ್ಕೂ ನಡುವಿನ ಆ ಐದಾರು ದಿನಗಳಲ್ಲಿ ಮೂರು ಬಾಗಿಲು ಮುಚ್ಚಿದವು.

ಒಂದು, ವಿಶ್ವಸಂಸ್ಥೆ. ಭದ್ರತಾ ಮಂಡಳಿಯಲ್ಲಿ ಅಮೆರಿಕದ ನಿರ್ಣಯಕ್ಕೆ ಬ್ರಿಟನ್, ಫ್ರಾನ್ಸ್ ವೀಟೊ ಹಾಕಿದವು. ಮರುದಿನ ಯುಗೊಸ್ಲಾವಿಯದ ಸೂಚನೆಯಂತೆ ವಿಷಯ ಸಾಮಾನ್ಯ ಸಭೆಯ ತುರ್ತು ಅಧಿವೇಶನಕ್ಕೆ ಹೋಯಿತು. ಅದು ಕಲಾಪದ ವಿಷಯವಾದ್ದರಿಂದ ವೀಟೊ ನಡೆಯುವುದಿಲ್ಲ. ನವೆಂಬರ್ 2ರಂದು ಕದನ ವಿರಾಮದ ನಿರ್ಣಯಕ್ಕೆ 64 ಮತ, ವಿರೋಧ ಬರೀ 5: ಯುದ್ಧಕ್ಕಿಳಿದ ಮೂವರು, ಜೊತೆಗೆ ಆಸ್ಟ್ರೇಲಿಯ, ನ್ಯೂಜಿಲೆಂಡ್. ಕಾಮನ್‌ವೆಲ್ತ್‌ನ ಕೆನಡಾ ಕೂಡ ತಟಸ್ಥ. ಈಜಿಪ್ಟ್, ಇಸ್ರೇಲ್ ಎರಡೂ ಕದನ ವಿರಾಮಕ್ಕೆ ತಲೆಯಾಡಿಸಿದ ಮೇಲಂತೂ "ಬಿಡಿಸಲು ಬಂದೆವು" ಎನ್ನುವುದಕ್ಕೆ ಜಗಳವೇ ಉಳಿಯಲಿಲ್ಲ.

ಎರಡು, ತೈಲ. ಈಜಿಪ್ಟ್ ಹಡಗುಗಳನ್ನು ಮುಳುಗಿಸಿ ಕಾಲುವೆಯನ್ನು ಬಂದ್ ಮಾಡಿತು. ಇರಾಕ್‌ನಿಂದ ಬರುತ್ತಿದ್ದ ಕೊಳವೆಮಾರ್ಗದ ಪಂಪಿಂಗ್ ಕೇಂದ್ರಗಳನ್ನು ಸಿರಿಯಾದಲ್ಲಿ ಸ್ಫೋಟಿಸಿದರು. ಕಾಲುವೆ ಉಳಿಸಲೆಂದು ಹೊರಟ ಯುದ್ಧವೇ ಕಾಲುವೆ ಮುಚ್ಚಿಸಿತು. ಬ್ರಿಟನ್ನಿನಲ್ಲಿ ಡಿಸೆಂಬರ್ 17ರಿಂದ ಪೆಟ್ರೋಲ್‌ಗೆ ಪಡಿತರ.

ಮೂರು, ಡಾಲರ್. ನನ್ನ ಪ್ರಕಾರ ಸೇನೆಯನ್ನು ನಿಲ್ಲಿಸಿದ್ದು ಇದೇ. ನವೆಂಬರ್ 5ರಂದು ಸೋವಿಯತ್ ಪ್ರಧಾನಿ ಬುಲ್ಗಾನಿನ್ ರಾಕೆಟ್ ಹೆಸರೆತ್ತಿ ಬರೆದ ಪತ್ರಕ್ಕೆ ಜನ ಹೆಚ್ಚು ತೂಕ ಕೊಡುತ್ತಾರೆ. ಆದರೆ ಸೋವಿಯತ್ ಸೇನೆ ಆ ಹೊತ್ತಿಗೆ ಹಂಗೇರಿಯ ದಂಗೆ ಅಡಗಿಸುತ್ತ ಬುಡಾಪೆಸ್ಟ್‌ನಲ್ಲಿ ಸಿಕ್ಕಿಕೊಂಡಿತ್ತು. ಪೌಂಡಿನ ಬೆಲೆ 2.80 ಡಾಲರ್‌ಗೆ ಕಟ್ಟಿಹಾಕಿದ್ದರಿಂದ ಅದನ್ನು ಉಳಿಸಿಕೊಳ್ಳಲು ಬ್ರಿಟನ್ ತನ್ನ ಮೀಸಲಿನಿಂದ ಡಾಲರ್ ಮಾರುತ್ತಲೇ ಇರಬೇಕು. ಮೀಸಲು ಸೆಪ್ಟೆಂಬರ್‌ನಲ್ಲಿ 5.7 ಕೋಟಿ ಡಾಲರ್ ಕರಗಿತು, ಅಕ್ಟೋಬರ್‌ನಲ್ಲಿ 8.4 ಕೋಟಿ, ನವೆಂಬರ್‌ನಲ್ಲಿ 27.9 ಕೋಟಿ. 200 ಕೋಟಿಗಿಂತ ಕೆಳಗಿಳಿಯಬಾರದು ಅನ್ನುವುದು ಖಜಾನೆಯ ಲಕ್ಷ್ಮಣರೇಖೆ. ನವೆಂಬರ್ ಕೊನೆಗೆ ಅದೂ ದಾಟಿತು.

ಇಲ್ಲಿ ಫ್ರಾನ್ಸ್ ಜೊತೆ ಹೋಲಿಸಿ ನೋಡಿ. ಅದು ಅಕ್ಟೋಬರ್‌ನಲ್ಲೇ, ದಾಳಿಗೆ ಮುಂಚೆ, ಐಎಂಎಫ್‌ನಿಂದ (ಅಂತರರಾಷ್ಟ್ರೀಯ ಹಣಕಾಸು ನಿಧಿ) 26.25 ಕೋಟಿ ಡಾಲರ್ ಸ್ಟಾಂಡ್‌ಬೈ ಸಾಲ, ಅಂದರೆ ಬೇಕಾದಾಗ ತೆಗೆದುಕೊಳ್ಳಬಹುದಾದ ಸಾಲ, ಮಂಜೂರು ಮಾಡಿಸಿಕೊಂಡಿತ್ತು. ಬ್ರಿಟನ್ ಕೇಳಲೇ ಇಲ್ಲ. ಅಮೆರಿಕದ ಬೆಂಬಲವಿಲ್ಲದೆ ಹೊರಟರೆ ಪೌಂಡ್ ತಡೆಯದು ಎಂದು ಖಜಾನೆಯ ಹಿರಿಯ ಅಧಿಕಾರಿ ಎಡ್ವರ್ಡ್ ಬ್ರಿಜಸ್ ಸೆಪ್ಟೆಂಬರ್‌ನಲ್ಲೇ ಬರೆದುಕೊಟ್ಟಿದ್ದರು. ಅದನ್ನು ಓದಿದ ಹಣಕಾಸು ಸಚಿವ ಮ್ಯಾಕ್ಮಿಲನ್ ಯುದ್ಧಕ್ಕೆ ಎಲ್ಲರಿಗಿಂತ ಮೊದಲು ತೊಡೆ ತಟ್ಟಿದವರು, ನವೆಂಬರ್ 6ರಂದು ಎಲ್ಲರಿಗಿಂತ ಮೊದಲು ಕೈಚೆಲ್ಲಿದವರೂ ಅವರೇ. ಒಂದೇ ವಾರದಲ್ಲಿ 10 ಕೋಟಿ ಪೌಂಡ್ ಹೋಯಿತು ಎಂದು ಅವರು ಸಚಿವ ಸಂಪುಟವನ್ನು ಹೆದರಿಸಿದರು. ನಿಜವಾದ ನಷ್ಟ ಅದರ ಮೂರನೇ ಒಂದರಷ್ಟು. ಅಂದು ನಡುರಾತ್ರಿ ಸೇನೆ ನಿಂತಿತು. ಸುಮಾರು 160 ಕಿ.ಮೀ. ಉದ್ದದ ಕಾಲುವೆಯಲ್ಲಿ ಅದು ಪೋರ್ಟ್ ಸೈದ್‌ನಿಂದ 37 ಕಿ.ಮೀ. ಇಳಿದು ಎಲ್ ಕ್ಯಾಪ್ ಎಂಬಲ್ಲಿಗೆ ಮುಟ್ಟಿತ್ತು.

ಸಂಧಾನದ ದೃಷ್ಟಿಯಿಂದ ಇದು ಎಲ್ಲಕ್ಕಿಂತ ಕೆಟ್ಟ ಜಾಗ. ಪೂರ್ತಿ ಹಿಡಿದಿದ್ದರೆ ಕೊಡಲಿಕ್ಕೆ ಏನಾದರೂ ಇರುತ್ತಿತ್ತು. ಹೋಗದೇ ಇದ್ದಿದ್ದರೆ ಅಕ್ಟೋಬರ್ 13ರ ಕಾಗದವಾದರೂ ಕೈಲಿರುತ್ತಿತ್ತು. ಕಾಲುಭಾಗ ಹಿಡಿದು, ಆ ಹಿಡಿತವನ್ನು ತೋರಿಸಿ ಷರತ್ತು ಹಾಕಲು ಬ್ರಿಟನ್ ಹೊರಟಿತು. ಹಡಗು ಎತ್ತುವ ತನ್ನ ಪಡೆಯೇ ಕಾಲುವೆ ಬಿಡಿಸಲಿ ಎಂದು ಕೇಳಿತು. ನಾಸೆರ್ ಆಗದು ಎಂದರು. ವಾಪಸಾತಿಗೆ ಸ್ಪಷ್ಟ ಒಪ್ಪಿಗೆ ಸಿಗುವವರೆಗೆ ಡಾಲರೂ ಇಲ್ಲ, ತೈಲವೂ ಇಲ್ಲ ಎಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಸರ್ಕಾರ ಕೂತಿತು. ಡಿಸೆಂಬರ್ 3ರಂದು ವಿದೇಶಾಂಗ ಸಚಿವ ಸೆಲ್ವಿನ್ ಲಾಯ್ಡ್ ಸಂಸತ್ತಿನಲ್ಲಿ ವಾಪಸಾತಿ ಘೋಷಿಸಿದರು. ಒಂದೇ ವಾರದಲ್ಲಿ ಐಎಂಎಫ್ 56.1 ಕೋಟಿ ಡಾಲರ್ ನಗದು, 73.8 ಕೋಟಿ ಸ್ಟಾಂಡ್‌ಬೈ ಮಂಜೂರು ಮಾಡಿತು. ಡಿಸೆಂಬರ್ 22ಕ್ಕೆ ಕೊನೆಯ ಸೈನಿಕ ಹಡಗು ಹತ್ತಿದ.

ಹಿಂದೆ ಸರಿಯುವವರಿಗೆ ಮಾನ ಉಳಿಸುವ ಬಾಗಿಲು ಬೇಕಿತ್ತು. ಅದೇ ವಿಶ್ವಸಂಸ್ಥೆಯ ತುರ್ತು ಪಡೆ. ಕೆನಡಾದ ವಿದೇಶಾಂಗ ಸಚಿವ ಲೆಸ್ಟರ್ ಪಿಯರ್ಸನ್ ಸೂಚಿಸಿದ್ದು. 48 ಗಂಟೆಯೊಳಗೆ ಯೋಜನೆ ಕೊಡಿ ಎಂದು ಸಾಮಾನ್ಯ ಸಭೆ ಪ್ರಧಾನ ಕಾರ್ಯದರ್ಶಿ ಹಮರ್‌ಶೋಲ್ಡ್‌ಗೆ ಹೇಳಿತು. ಭದ್ರತಾ ಮಂಡಳಿಯ ಕಾಯಂ ಸದಸ್ಯರ ಸೈನಿಕರು ಇರಬಾರದು, ಪಡೆ ಇರುವ ನೆಲದ ಸರ್ಕಾರ ಒಪ್ಪಿರಬೇಕು ಎಂಬ ಎರಡು ನಿಯಮ ಅಲ್ಲೇ ಹುಟ್ಟಿದವು. ಭಾರತ ಸೇರಿ ಹತ್ತು ದೇಶಗಳಿಂದ ಸುಮಾರು 6,000 ಜನ. ಗುರುತಿಗಾಗಿ ಅಮೆರಿಕದ ಹೆಲ್ಮೆಟ್ ಒಳಕವಚಕ್ಕೆ ನೀಲಿ ಬಣ್ಣ ಹೊಡೆದರು. ಕೆನಡಾ ಕಳಿಸಹೊರಟ ತುಕಡಿಯ ಹೆಸರು "ಕ್ವೀನ್ಸ್ ಓನ್ ರೈಫಲ್ಸ್", ಸಮವಸ್ತ್ರವೂ ಬ್ರಿಟಿಷರದ್ದರಂತೆಯೇ. ಈಜಿಪ್ಟ್ ಬೇಡವೆಂದಿತು. ಕೊನೆಗೆ ಕೆನಡಾ ಸರಬರಾಜು, ಸಂಪರ್ಕದ ಘಟಕಗಳನ್ನು ಕಳಿಸಿತು.

ಈ ಏರ್ಪಾಡಿನ ಹುಳುಕು ಆ "ಒಪ್ಪಿಗೆ"ಯಲ್ಲೇ ಇತ್ತು. ಒಪ್ಪಿದವನು ಮುಂದೆ ಬೇಡ ಅಂದರೆ? ನವೆಂಬರ್ ಮಧ್ಯದಲ್ಲಿ ಹಮರ್‌ಶೋಲ್ಡ್ ಕೈರೋಗೆ ಹೋಗಿ, ಪಡೆಯ ಕೆಲಸ ಮುಗಿಯುವವರೆಗೆ ಎರಡೂ ಕಡೆ ಸದ್ಭಾವದಿಂದ ನಡೆದುಕೊಳ್ಳಬೇಕು ಎಂಬಷ್ಟಕ್ಕೆ ನಾಸೆರ್‌ರನ್ನು ಒಪ್ಪಿಸಿದರು. ಇಸ್ರೇಲ್ ತನ್ನ ನೆಲದಲ್ಲಿ ಪಡೆ ನಿಲ್ಲಲು ಬಿಡಲಿಲ್ಲ, ಹಾಗಾಗಿ ಅದು ಗಡಿಯ ಒಂದೇ ಬದಿಗೆ ನಿಂತಿತು. ಇಸ್ರೇಲಿನ ದಕ್ಷಿಣದ ಬಂದರಿಗೆ ದಾರಿಯಾದ ಟಿರಾನ್ ಜಲಸಂಧಿಯಲ್ಲಿ ಸಂಚಾರ ಮುಕ್ತವಾಗಿರಬೇಕು ಎಂಬುದನ್ನು ಬೆಂಬಲಿಸುವುದಾಗಿ ಅಮೆರಿಕ ಬರೆದುಕೊಟ್ಟ ಮೇಲೆ 1957ರ ಮಾರ್ಚ್‌ನಲ್ಲಿ ಇಸ್ರೇಲ್ ಹಿಂದೆ ಸರಿಯಿತು. 1967ರ ಮೇನಲ್ಲಿ ನಾಸೆರ್ ಪಡೆಯನ್ನು ಹೊರಡಿ ಎಂದರು; ಜೂನ್‌ನಲ್ಲಿ ಯುದ್ಧ. ಇನ್ನೂ ಗಾಜಾದಿಂದ ಹೊರಡದಿದ್ದ ಭಾರತೀಯ ಯೋಧರೂ ಅದರಲ್ಲಿ ಸತ್ತರು.

ರಾಜಕೀಯದ ಲೆಕ್ಕಕ್ಕೆ ಬಂದರೆ, ಆಂಥನಿ ನಟಿಂಗ್, ಎಡ್ವರ್ಡ್ ಬಾಯ್ಲ್ ಎಂಬ ಇಬ್ಬರು ಸಚಿವರು ಯುದ್ಧದ ನಡುವೆಯೇ ರಾಜೀನಾಮೆ ಕೊಟ್ಟರು. ಪ್ರಧಾನಿ ಈಡನ್ ಆರೋಗ್ಯ ಕೆಟ್ಟು ನವೆಂಬರ್ 23ಕ್ಕೆ ಜಮೈಕಾಗೆ ಹೊರಟರು, ಸೈನಿಕರಿನ್ನೂ ಪೋರ್ಟ್ ಸೈದ್‌ನಲ್ಲಿದ್ದಾಗ. ವಾಪಸ್ ಬಂದು ಡಿಸೆಂಬರ್ 20ರಂದು, ಇಸ್ರೇಲ್ ದಾಳಿ ಮಾಡುತ್ತದೆಂದು ತಮಗೆ ಮುಂಚೆ ಗೊತ್ತಿರಲಿಲ್ಲ ಎಂದು ಸಂಸತ್ತಿಗೆ ಹೇಳಿದರು. ಅದು ಸುಳ್ಳು. ಸೆವ್ರ್‌ನ ಕಾಗದ ನಾಶಪಡಿಸಿ ಬನ್ನಿ ಎಂದು ಅಧಿಕಾರಿಗಳನ್ನು ಪ್ಯಾರಿಸ್‌ಗೆ ಅಟ್ಟಿದ್ದೂ ಅವರೇ. ಫ್ರೆಂಚರು ಒಪ್ಪಲಿಲ್ಲ, ಇಸ್ರೇಲಿನ ಪ್ರತಿ ಆಗಲೇ ಊರು ಸೇರಿತ್ತು. ಜನವರಿ 9ರಂದು ಈಡನ್ ಹುದ್ದೆ ಬಿಟ್ಟರು. ಆದರೆ ಮತದಾರ ಪಕ್ಷವನ್ನು ಶಿಕ್ಷಿಸಲಿಲ್ಲ. 1959ರಲ್ಲಿ ಮ್ಯಾಕ್ಮಿಲನ್ ನೂರು ಸೀಟುಗಳ ಬಹುಮತದಿಂದ ಗೆದ್ದರು. ಫ್ರಾನ್ಸ್ ತೆಗೆದುಕೊಂಡ ಪಾಠವೇ ಬೇರೆ: ಇನ್ನು ಅಮೆರಿಕವನ್ನು ನೆಚ್ಚಬಾರದು. ನವೆಂಬರ್ 6ರಂದು ಲಂಡನ್‌ನಿಂದ "ನಿಲ್ಲಿಸುತ್ತಿದ್ದೇವೆ" ಎಂಬ ಕರೆ ಬಂದಾಗ ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನಾವರ್ ಪ್ಯಾರಿಸ್‌ನಲ್ಲೇ ಇದ್ದರು. ಮುಂದಿನ ಮಾರ್ಚ್‌ಗೆ ಯುರೋಪಿನ ಆರ್ಥಿಕ ಸಮುದಾಯ ಕಟ್ಟಿದ ರೋಮ್ ಒಪ್ಪಂದವಾಯಿತು.

ಇನ್ನು ಕಾಲುವೆ. ಅಮೆರಿಕದ ನಿವೃತ್ತ ಜನರಲ್ ವೀಲರ್ ನೇತೃತ್ವದಲ್ಲಿ ವಿಶ್ವಸಂಸ್ಥೆ ಮುಳುಗಿದ ಹಡಗುಗಳನ್ನು ಎತ್ತಿಸಿ 1957ರ ಏಪ್ರಿಲ್‌ಗೆ ದಾರಿ ಬಿಡಿಸಿತು. ಖರ್ಚನ್ನು ಆಮೇಲೆ ಸುಂಕದ ಮೇಲೆ ಶೇ. 3 ಸರ್ಚಾರ್ಜ್ ಹಾಕಿ ವಸೂಲು ಮಾಡಿದರು. ಏಪ್ರಿಲ್ 24ರಂದು ಈಜಿಪ್ಟ್ ಒಂದು ಘೋಷಣೆ ಹೊರಡಿಸಿತು: ಎಲ್ಲ ದೇಶಗಳ ಹಡಗಿಗೂ ಕಾಲುವೆ ತೆರೆದಿರಬೇಕು ಎಂಬ 1888ರ ಒಡಂಬಡಿಕೆ ಪಾಲಿಸುತ್ತೇವೆ, ಸುಂಕ ವರ್ಷಕ್ಕೆ ಶೇ. 1ಕ್ಕಿಂತ ಹೆಚ್ಚು ಏರಿಸುವುದಾದರೆ ಮಾತುಕತೆಯಾಗಬೇಕು, ಒಟ್ಟು ಆದಾಯದ ಶೇ. 25 ಅಭಿವೃದ್ಧಿ ನಿಧಿಗೆ. ಅಕ್ಟೋಬರ್‌ನ ಆರು ತತ್ವಗಳ ಪಕ್ಕದಲ್ಲಿಟ್ಟು ಓದಿ. ಸಾಲುಗಳು ಬಹುತೇಕ ಅವೇ. ವ್ಯತ್ಯಾಸವೆಂದರೆ ಅಂದು ಅದು ಕೂತು ಮಾತಾಡಿ ಒಪ್ಪಿದ್ದು, ಇಂದು ಈಜಿಪ್ಟ್ ತಾನೇ ಬರೆದು ತಾನೇ ಪ್ರಕಟಿಸಿದ್ದು.

ಉಳಿದದ್ದು ದುಡ್ಡು. ಷೇರುದಾರರ ಪರಿಹಾರಕ್ಕೆ ವಿಶ್ವಬ್ಯಾಂಕ್ ಅಧ್ಯಕ್ಷ ಯುಜೀನ್ ಬ್ಲ್ಯಾಕ್ ಮಧ್ಯಸ್ಥರಾದರು. 1958ರ ಏಪ್ರಿಲ್‌ನಲ್ಲಿ ರೋಮ್‌ನಲ್ಲಿ ಚೌಕಟ್ಟು, ಜುಲೈ 13ರಂದು ಜಿನೀವಾದಲ್ಲಿ ಸಹಿ: 2.83 ಕೋಟಿ ಈಜಿಪ್ಟಿಯನ್ ಪೌಂಡ್, ಕಂತುಗಳಲ್ಲಿ. ಈಜಿಪ್ಟಿನ ಹೊರಗಿದ್ದ ಕಂಪನಿಯ ಆಸ್ತಿ ಕಂಪನಿಗೇ ಉಳಿಯಿತು. ಬ್ರಿಟಿಷ್ ಪ್ರಜೆಗಳಿಂದ ಜಪ್ತಿ ಮಾಡಿದ್ದ ಆಸ್ತಿಗೆ ಬೇರೆಯೇ ಒಪ್ಪಂದ, 1959ರ ಫೆಬ್ರವರಿ 28ರಂದು ಕೈರೋದಲ್ಲಿ, 2.75 ಕೋಟಿ ಪೌಂಡ್‌ಗೆ. ಬ್ರಿಟನ್ ಮತ್ತು ಈಜಿಪ್ಟ್ ನೇರವಾಗಿ ಎದುರುಬದುರು ಕೂತು ಸಹಿ ಹಾಕಿದ ಕಾಗದ ಯಾವುದು ಅಂತ ನೀವು ಕೇಳುವುದಾದರೆ, ಅದು ಇದೇ.